ಬೇಸ್ ಸಾಕೋ, ಮೇಲಿನ ಟ್ರಿಮ್ ಬೇಕೋ: ನಾನು ಆರಿಸಿದ್ದು ಹೀಗೆ

ಸೋಸಿ ಸೋಸಿ ಕೊನೆಗೆ ನನ್ನ ಮುಂದೆ ಉಳಿದದ್ದು ಎರಡು ಕಾರು. ಟೊಯೊಟಾ ಜಿಆರ್86 ಮತ್ತು ಮಾಜ್ದಾ ಎಂಎಕ್ಸ್-5. ಎರಡರಲ್ಲೂ ಎಂಜಿನ್ ಮುಂದೆ, ಓಡುವುದು ಹಿಂದಿನ ಚಕ್ರ. ಟರ್ಬೊ ಇಲ್ಲ. ಮ್ಯಾನುಯಲ್ ಗೇರ್ ಸಿಗುತ್ತದೆ. ಕೈಗೆಟಕುವ ಬೆಲೆಯಲ್ಲಿ ಇಂಥ ಕಾರು ಈಗ ಹುಡುಕಿದರೂ ಜಾಸ್ತಿ ಸಿಗುವುದಿಲ್ಲ. ಹಾಗಾಗಿ ಕಾರಿನ ಬಗ್ಗೆ ದೊಡ್ಡ ಗೊಂದಲ ಇರಲಿಲ್ಲ. ತಲೆ ತಿಂದದ್ದು ಟ್ರಿಮ್, ಅಂದರೆ ಒಂದೇ ಕಾರನ್ನು ಬೇರೆ ಬೇರೆ ಸಾಮಾನು ಹಾಕಿ ಬೇರೆ ಬೇರೆ ಬೆಲೆಗೆ ಮಾರುವ ದರ್ಜೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ರಿಮ್‌ಗಳ ಹೆಸರು, ಅದರಲ್ಲಿ ಬರುವ ಸಾಮಾನು ದೇಶಕ್ಕೊಂದು ಥರ, ವರ್ಷಕ್ಕೊಂದು ಥರ. ನಾನು ಹೇಳುತ್ತಿರುವುದು ಅಮೆರಿಕದಲ್ಲಿ ಮಾರುವ ಮಾಡೆಲ್‌ಗಳ ಲೆಕ್ಕ. ಜಿಆರ್86ರಲ್ಲಿ ಬೇಸ್ ಮತ್ತು ಪ್ರೀಮಿಯಂ. 2024ರಿಂದ ಅದರ ಜೊತೆಗೆ ಬೇಕಾದವರಿಗೆ ಪರ್ಫಾರ್ಮೆನ್ಸ್ ಪ್ಯಾಕೇಜ್. ಎಂಎಕ್ಸ್-5ರಲ್ಲಿ ಸ್ಪೋರ್ಟ್ ಅಂದರೆ ಬೇಸ್, ಕ್ಲಬ್ ಅಂದರೆ ಓಡಿಸುವ ಹುಚ್ಚಿರುವವರ ಟ್ರಿಮ್. ಹೆಸರಿನಲ್ಲಿ ‘ಸ್ಪೋರ್ಟ್’ ಇರುವುದೇ ಬೇಸ್! ಹೆಸರು ನೋಡಿ ಮೋಸ ಹೋಗಬಾರದು.

ಮೇಲಿನ ಟ್ರಿಮ್ ಅಂದ ಕೂಡಲೇ ಜಾಸ್ತಿ ಪವರ್ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಈ ಎರಡು ಕಾರಿನಲ್ಲೂ ಹಾಗಿಲ್ಲ. ಜಿಆರ್86 ಯಾವುದನ್ನೇ ತಗೊಳ್ಳಿ, ಅದೇ 2.4 ಲೀಟರಿನ ಬಾಕ್ಸರ್ ಎಂಜಿನ್, ಅದೇ 228 ಕುದುರೆಶಕ್ತಿ, ಅದೇ 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಎಂಎಕ್ಸ್-5ರಲ್ಲೂ ಬೇಸ್‌ನಿಂದ ತುದಿಯ ಟ್ರಿಮ್‌ವರೆಗೆ ಅದೇ 2 ಲೀಟರ್, 181 ಕುದುರೆಶಕ್ತಿ. ಎಂಜಿನ್ನೇ ಬೇರೆ ಆಗಿದ್ದರೆ ಆ ಮಾತೇ ಬೇರೆ. ಹೋಂಡಾ ಸಿವಿಕ್ ಎಸ್‌ಐ ಮತ್ತು ಟೈಪ್ ಆರ್ ನಡುವೆ ಇರುವುದು ಟ್ರಿಮ್ ವ್ಯತ್ಯಾಸ ಅಲ್ಲ, ಅವು ಎರಡು ಬೇರೆ ಕಾರುಗಳೇ. ಒಂದರಲ್ಲಿ 1.5 ಲೀಟರ್, ಇನ್ನೊಂದರಲ್ಲಿ 2 ಲೀಟರ್ ಟರ್ಬೊ. ಅದನ್ನು ಇದರ ಒಳಗೆ ಕೂರಿಸಲು ಆಗುವುದಿಲ್ಲ.

ಹಾಗಾದರೆ ಜಾಸ್ತಿ ಹಣಕ್ಕೆ ಬರುವುದು ಏನು? ನಾನು ಬ್ರೋಷರ್ ತೆರೆದು ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ ಕೇಳುತ್ತಾ ಹೋದೆ. ಇದನ್ನು ನಾನು ಆಮೇಲೆ ಹಾಕಿಸಿಕೊಳ್ಳಬಹುದೇ? ಸವೆದು ಹೋಗುವ ಸಾಮಾನು ಬೇರೆ, ಬೋಲ್ಟ್ ಬಿಚ್ಚಿ ಬದಲಿಸುವ ಸಾಮಾನು ಬೇರೆ, ಕಾರಿನ ಹೊಟ್ಟೆಯೊಳಗೆ ಕೂತಿರುವುದು ಬೇರೆ. ಮೊದಲ ಎರಡಕ್ಕೆ ಮುಂಚಿತವಾಗಿ ಹಣ ಕೊಡಲು ನನಗೆ ಮನಸ್ಸಿಲ್ಲ. ಮೂರನೆಯದು ಬೇಕು ಅನಿಸಿದರೆ ಫ್ಯಾಕ್ಟರಿಯಿಂದಲೇ ಬರಬೇಕು.

ಟೈರ್ ಮೊದಲು ನೋಡೋಣ, ಯಾಕೆಂದರೆ ಟೆಸ್ಟ್ ಡ್ರೈವ್‌ನಲ್ಲಿ ಎಲ್ಲರಿಗೂ ಗೊತ್ತಾಗುವ ವ್ಯತ್ಯಾಸ ಅದೇ. ಜಿಆರ್86 ಬೇಸ್‌ಗೆ 17 ಇಂಚಿನ ರಿಮ್, 215/45 ಅಳತೆಯ ಮಿಶೆಲಿನ್ ಪ್ರೈಮಸಿ ಎಚ್‌ಪಿ. ಪ್ರೀಮಿಯಂಗೆ 18 ಇಂಚು, 215/40 ಅಳತೆಯ ಪೈಲಟ್ ಸ್ಪೋರ್ಟ್ 4. ಅಗಲ ನೋಡಿದಿರಾ? ಎರಡೂ 215. ರಸ್ತೆಗೆ ತಾಗುವ ರಬ್ಬರಿನ ಅಗಲ ಹೆಚ್ಚೂ ಕಡಿಮೆ ಅಷ್ಟೇ. ಬದಲಾಗುವುದು ರಬ್ಬರಿನ ಜಾತಿ ಮತ್ತು ಪಕ್ಕದ ಗೋಡೆಯ ಎತ್ತರ. 215ರ ಶೇಕಡಾ 45 ಅಂದರೆ ಸುಮಾರು 97 ಮಿಲಿಮೀಟರ್, ಶೇಕಡಾ 40 ಅಂದರೆ 86. ಅರ್ಧ ಇಂಚೂ ವ್ಯತ್ಯಾಸ ಇಲ್ಲ. ಆದರೂ ಹಾಳಾದ ರಸ್ತೆಯಲ್ಲಿ 18 ಇಂಚಿನದು ಸ್ವಲ್ಪ ಒರಟು ಅನಿಸುತ್ತದೆ, ಗುಂಡಿಗೆ ಬಿದ್ದರೆ ರಿಮ್ ಬಗ್ಗುವ ಭಯವೂ ಜಾಸ್ತಿ.

ಪ್ರೈಮಸಿ ಆರಾಮದ ಪ್ರಯಾಣಕ್ಕೆ ಮಾಡಿದ ಟೈರ್. ತಿರುವಿನಲ್ಲಿ ಬೇಗ ಕಿರುಚುತ್ತದೆ, ಬೇಗ ಜಾರುತ್ತದೆ. ಆದರೆ ಹೇಳಿ ಕೇಳಿ ಜಾರುತ್ತದೆ. ಪೈಲಟ್ ಸ್ಪೋರ್ಟ್ ಹಾಗಲ್ಲ, ತುಂಬಾ ಹೊತ್ತು ಹಿಡಿದುಕೊಳ್ಳುತ್ತದೆ, ಬಿಡುವ ಹೊತ್ತಿಗೆ ವೇಗ ಜಾಸ್ತಿ ಆಗಿರುತ್ತದೆ. ಹಿಂದಿನ ಚಕ್ರ ಓಡಿಸುವ ಕಾರಿಗೆ ಹೊಸಬರಾಗಿದ್ದರೆ ಮೊದಲನೆಯದೇ ಒಳ್ಳೆಯ ಮೇಷ್ಟ್ರು ಅನ್ನುವುದು ನನ್ನ ಅಭಿಪ್ರಾಯ. ಅದು ಸವೆದ ಮೇಲೆ ಅದೇ ರಿಮ್‌ಗೆ ಹಿಡಿತ ಜಾಸ್ತಿ ಇರುವ ಟೈರ್ ಹಾಕಿಕೊಂಡರೆ ಆಯಿತು. 17 ಇಂಚಿನ ಟೈರ್ ಸಾಮಾನ್ಯವಾಗಿ 18ಕ್ಕಿಂತ ಅಗ್ಗ. ಆ ಉಳಿತಾಯ ಪ್ರತಿ ಸಲ ಟೈರ್ ಬದಲಿಸುವಾಗಲೂ ಬರುತ್ತದೆ, ಅಲ್ವಾ?

ಟೆಸ್ಟ್ ಡ್ರೈವ್ ಮಾಡುವವರಿಗೆ ಇಲ್ಲೇ ಒಂದು ಎಚ್ಚರಿಕೆ. ಪ್ರೀಮಿಯಂ ಓಡಿಸಿ ಇಳಿದವರು ‘ಸಸ್ಪೆನ್ಷನ್ ಎಷ್ಟು ಚುರುಕು’ ಅನ್ನುತ್ತಾರೆ. ಪ್ಯಾಕೇಜ್ ಇಲ್ಲದ ಪ್ರೀಮಿಯಂನಲ್ಲಿ ಅವರಿಗೆ ಚುರುಕು ಅನಿಸಿದ್ದು ಟೈರ್. ಹೊಸ ಚಪ್ಪಲಿ ಹಾಕಿಕೊಂಡು ಕಾಲು ಗಟ್ಟಿಯಾಯಿತು ಅಂದ ಹಾಗೆ. ಇನ್ನೊಂದು ವಿಷಯ ಗಾಳಿಯದು. ಕಾರುಗಳನ್ನು ಫ್ಯಾಕ್ಟರಿಯಿಂದ ಸಾಗಿಸುವಾಗ ಟೈರಿಗೆ ಜಾಸ್ತಿ ಗಾಳಿ ತುಂಬಿರುತ್ತಾರೆ. ಶೋರೂಂನಲ್ಲಿ ಅದನ್ನು ಇಳಿಸಲು ಮರೆತಿರುವುದೂ ಉಂಟು. ನಾನು ಜೇಬಿನಲ್ಲಿ ಒಂದು ಸಣ್ಣ ಪ್ರೆಷರ್ ಗೇಜ್ ಇಟ್ಟುಕೊಂಡು ಹೋಗಿದ್ದೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬರೆದ ಅಳತೆಗೆ ತಂದ ಮೇಲೇ ಹೊರಟೆ. ಮಾರುವ ಹುಡುಗ ವಿಚಿತ್ರವಾಗಿ ನೋಡಿದ. ನೋಡಲಿ ಬಿಡಿ. ಒಂದು ಕಾರು ಕಲ್ಲಿನ ಹಾಗೆ ಕುಣಿದು ಇನ್ನೊಂದು ಮೆತ್ತಗೆ ಹೋದರೆ, ಅದು ಟ್ರಿಮ್‌ನಿಂದಲೋ ಗಾಳಿಯಿಂದಲೋ ಅಂತ ಆಮೇಲೆ ಹೇಗೆ ಹೇಳುವುದು?

ಇನ್ನು ಹೊಟ್ಟೆಯೊಳಗಿನ ಸಾಮಾನು. ನನ್ನ ಲೆಕ್ಕವೆಲ್ಲ ನಿಂತದ್ದು ಇದರ ಮೇಲೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ. ಡಿಫರೆನ್ಷಿಯಲ್ ಅಂದರೆ ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರಿನ ಡಬ್ಬ.

ತಿರುವಿನಲ್ಲಿ ಕಾರಿನ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ, ಒಳಗಿನದು ಹಗುರ ಆಗುತ್ತದೆ. ಮಾಮೂಲಿ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮಸಮ ಟಾರ್ಕ್ ಕೊಡುತ್ತದೆ. ಕೇಳಲು ನ್ಯಾಯವಾಗಿದೆ. ಆದರೆ ಹಗುರವಾದ ಚಕ್ರ ತಡೆದುಕೊಳ್ಳುವುದೇ ಸ್ವಲ್ಪ. ಭಾರ ಹೊತ್ತ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಆಕ್ಸಲರೇಟರ್ ಇನ್ನೂ ಒತ್ತಿದರೆ ಒಳಗಿನ ಚಕ್ರ ಸುಮ್ನೆ ಗಿರಗಿರ ತಿರುಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಬಂದು ಎಂಜಿನ್ನಿನ ಬಾಯಿ ಮುಚ್ಚಿಸುತ್ತದೆ. ಎಲ್‌ಎಸ್‌ಡಿ ಇದ್ದರೆ ಹಿಡಿತ ಇರುವ ಚಕ್ರಕ್ಕೆ ಜಾಸ್ತಿ ಪಾಲು ಹೋಗುತ್ತದೆ. ತಿರುವು ಮುಗಿಯುವ ಮೊದಲೇ ಧೈರ್ಯವಾಗಿ ಪೆಡಲ್ ಒತ್ತಬಹುದು.

ಎಂಎಕ್ಸ್-5 ಬೇಸ್‌ನಲ್ಲಿ ನನಗೆ ಇದು ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯಿತು. ಒದ್ದೆ ರಸ್ತೆ, ಎರಡನೇ ಗೇರ್, ಬಿಗಿಯಾದ ಬಲ ತಿರುವು. ಹೊರಬರುವಾಗ ಪೆಡಲ್ ಒತ್ತಿದೆ. ಎಂಜಿನ್ ಸದ್ದು ಏರಿತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿತು, ಒಂದು ಕ್ಷಣ ಕಾರು ಇದ್ದಲ್ಲೇ ತಡವರಿಸಿದ ಹಾಗಾಯಿತು. ಕ್ಲಬ್‌ನಲ್ಲಿ ಅದೇ ತಿರುವು, ಅಷ್ಟೇ ಪೆಡಲ್. ಹಿಂಭಾಗ ಸ್ವಲ್ಪ ಕುಳಿತು ನೆಟ್ಟಗೆ ತಳ್ಳಿಕೊಂಡು ಬಂತು. ಟೈರೂ ಬೇರೆ ಇತ್ತು ಅನ್ನುವುದು ನಿಜ. ಬೇಸ್‌ಗೆ 195 ಅಗಲದ 16 ಇಂಚು, ಕ್ಲಬ್‌ಗೆ 205 ಅಗಲದ 17. ಆದರೆ ಒಂದು ಚಕ್ರ ಮಾತ್ರ ತಿರುಗಿ ಉಳಿದದ್ದು ತಟಸ್ಥವಾಗಿರುವ ಆ ಅನುಭವ ಟೈರಿನದ್ದಲ್ಲ.

‘ಬೇಕಾದರೆ ಎಲ್‌ಎಸ್‌ಡಿ ಆಮೇಲೆ ಹಾಕಿಸಿದರಾಯಿತು’ ಅನ್ನುವವರು ಆ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪ್ರೊಪೆಲರ್ ಶಾಫ್ಟ್ ಮತ್ತು ಡ್ರೈವ್ ಶಾಫ್ಟ್‌ಗಳನ್ನು ಬಿಚ್ಚಬೇಕು, ಡಿಫರೆನ್ಷಿಯಲ್ಲನ್ನು ಕೆಳಗಿಳಿಸಬೇಕು, ಕ್ರೌನ್ ವೀಲ್ ಕಳಚಿ ಹೊಸದಕ್ಕೆ ಕಟ್ಟಬೇಕು. ಆಮೇಲೆ ಶಿಮ್ (ತೆಳು ಬಿಲ್ಲೆ) ಹಾಕಿ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಲ್ಲಿ ಅಳೆಯಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಒಂದಕ್ಕೊಂದು ಎಲ್ಲಿ ತಾಗುತ್ತದೆ ಅಂತ ಗುರುತು ನೋಡಬೇಕು. ಇದೆಲ್ಲ ಸ್ವಲ್ಪ ತಪ್ಪಿದರೂ ಕಾರು ಊಳಿಡುತ್ತದೆ. ಪಳಗಿದ ಕೈ ಬೇಕು, ವಾರಂಟಿ ಮೇಲೂ ಕಣ್ಣು ಬೀಳುತ್ತದೆ. ಹಾಗಾಗಿ ಎಂಎಕ್ಸ್-5 ತಗೊಳ್ಳುವುದಾದರೆ ನಾನು ಎರಡನೇ ಯೋಚನೆ ಇಲ್ಲದೆ ಕ್ಲಬ್ ಅನ್ನುತ್ತಿದ್ದೆ. ಮ್ಯಾನುಯಲ್ ಕ್ಲಬ್‌ನಲ್ಲಿ ಎಲ್‌ಎಸ್‌ಡಿ ಜೊತೆ ಬಿಲ್‌ಸ್ಟೈನ್ ಕಂಪನಿಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಮುಂದಿನ ಎರಡು ಸ್ಟ್ರಟ್ ಟವರ್ ಜೋಡಿಸುವ ಪಟ್ಟಿ ಕೂಡ ಬರುತ್ತದೆ. ಅವು ನನಗೆ ಬೋನಸ್ ಅಷ್ಟೇ.

ಜಿಆರ್86ರ ಕಥೆ ಉಲ್ಟಾ. ಅದರ ಬೇಸ್‌ನಲ್ಲೇ ಟಾರ್ಸೆನ್ ಅನ್ನುವ ಥರದ ಎಲ್‌ಎಸ್‌ಡಿ ಇದೆ. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಮೂರೂ ಪ್ರೀಮಿಯಂನಲ್ಲಿ ಇರುವುದೇ. ಜಾಸ್ತಿ ಹಣಕ್ಕೆ ಬರುವುದು ದೊಡ್ಡ ರಿಮ್, ಒಳ್ಳೆಯ ಟೈರ್, ಹಿಂದೆ ಬಾತುಕೋಳಿ ಬಾಲದಂಥ ಸ್ಪಾಯ್ಲರ್, ಬಿಸಿಯಾಗುವ ಸೀಟು, ಆರರ ಬದಲು ಎಂಟು ಸ್ಪೀಕರ್. ನನ್ನ ಪ್ರಶ್ನೆಗೆ ಇವುಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ. ಬೇಸ್‌ನ ಬಟ್ಟೆಯ ಸೀಟು ತಿರುವಿನಲ್ಲಿ ಮೈಯನ್ನು ಚೆನ್ನಾಗಿಯೇ ಹಿಡಿಯುತ್ತದೆ.

ಎರಡು ವಿಷಯ ಮಾತ್ರ ನಿಲ್ಲುತ್ತವೆ. ಸ್ಟೀರಿಂಗ್ ತಿರುಗಿಸಿದ ಕಡೆಗೆ ತಿರುಗುವ ಹೆಡ್‌ಲೈಟ್, ಮತ್ತು ಪಕ್ಕದಲ್ಲಿ ಬರುವ ಗಾಡಿಯನ್ನು ಕನ್ನಡಿಯಲ್ಲಿ ತೋರಿಸುವ ಬ್ಲೈಂಡ್ ಸ್ಪಾಟ್ ಎಚ್ಚರಿಕೆ. ಇವನ್ನು ಆಮೇಲೆ ಕಂಪನಿಯ ಥರ ಹಾಕಿಸುವುದು ದೊಡ್ಡ ತಲೆನೋವು. ರಾತ್ರಿ ಹೊತ್ತು ತಿರುವು ರಸ್ತೆಯಲ್ಲಿ ಜಾಸ್ತಿ ಓಡಾಡುವವರಿಗೆ ಈ ಹೆಡ್‌ಲೈಟೊಂದೇ ಸಾಕು ಪ್ರೀಮಿಯಂ ತಗೊಳ್ಳಲು. ನನ್ನ ಓಡಾಟ ಹೆಚ್ಚಾಗಿ ಬೆಳಕಿರುವಾಗ. ಬಿಟ್ಟೆ.

ಪರ್ಫಾರ್ಮೆನ್ಸ್ ಪ್ಯಾಕೇಜ್ ನನ್ನನ್ನು ಸ್ವಲ್ಪ ಜಗ್ಗಿತು. ಸ್ಯಾಕ್ಸ್ ಡ್ಯಾಂಪರ್, ಬ್ರೆಂಬೊ ಬ್ರೇಕ್, ಮುಂದೆ ನಾಲ್ಕು ಪಿಸ್ಟನ್, ಹಿಂದೆ ಎರಡು. ನೋಡಲು ಭರ್ಜರಿ. ಆದರೆ ದೊಡ್ಡ ಬ್ರೇಕ್ ಏನು ಮಾಡುತ್ತದೆ ಅನ್ನುವುದು ಗೊತ್ತಿರಬೇಕು. ಮೊದಲ ಸಲ ಜೋರಾಗಿ ಬ್ರೇಕ್ ಹೊಡೆದಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಟೈರ್. ಮಾಮೂಲಿ ಬ್ರೇಕಿಗೂ ಚಕ್ರ ಲಾಕ್ ಮಾಡುವ ಶಕ್ತಿ ಇರುತ್ತದೆ. ದೊಡ್ಡ ಬ್ರೇಕಿನ ಗುಣ ಕಾಣುವುದು ಮತ್ತೆ ಮತ್ತೆ ಹೊಡೆದಾಗ, ಅಂದರೆ ಶಾಖ ಏರಿದಾಗ. ರೇಸ್ ಟ್ರ್ಯಾಕಿಗೆ ಆಗಾಗ ಹೋಗುವವರಿಗೆ ಅದು ಬೇಕೇ ಬೇಕು. ಯಾವಾಗಲೋ ಒಮ್ಮೆ ಹೋಗುವ ನನ್ನಂಥವರಿಗೆ ಒಳ್ಳೆಯ ಪ್ಯಾಡ್ ಮತ್ತು ಹೊಸ ಬ್ರೇಕ್ ಆಯಿಲ್ ತುಂಬಾ ದೂರ ಕೊಂಡೊಯ್ಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಆಯಿಲಿಗೆ ಅದೇ ಅಂಕಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಹಳೇ ಆಯಿಲ್ ಇಟ್ಟುಕೊಂಡು ಬ್ರೆಂಬೊ ಕ್ಯಾಲಿಪರ್ (ಡಿಸ್ಕನ್ನು ಅದುಮುವ ಭಾಗ) ಇದ್ದರೂ ಉಪಯೋಗ ಇಲ್ಲ. ಇನ್ನೊಂದು, ದೊಡ್ಡ ಕ್ಯಾಲಿಪರ್ ಸಣ್ಣ ರಿಮ್‌ಗೆ ತಾಗಬಹುದು. ಅಗ್ಗದ ಎರಡನೇ ಸೆಟ್ ಚಕ್ರ ಇಟ್ಟುಕೊಳ್ಳುವ ಆಸೆ ಇದ್ದವರು ಇದನ್ನು ಮೊದಲೇ ಅಳೆದು ನೋಡಬೇಕು.

ಹಳೇ ಕಾರು ಹುಡುಕುವವರಿಗೆ ಒಂದು ಉಪಾಯ. ಎಲ್‌ಎಸ್‌ಡಿ ಇದೆ ಅಂತ ಮಾರುವವರು ಹೇಳಿದರೆ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಎರಡೂ ಹಿಂದಿನ ಚಕ್ರ ಗಾಳಿಯಲ್ಲಿರಲಿ, ನ್ಯೂಟ್ರಲ್‌ನಲ್ಲಿಡಿ, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಿದರೆ ಸಾಮಾನ್ಯವಾಗಿ ಓಪನ್. ಅದೇ ದಿಕ್ಕಿಗೆ ಬಂದರೆ ಎಲ್‌ಎಸ್‌ಡಿ. ಕ್ಲಚ್ ಅಥವಾ ಕೋನ್ ಥರದ್ದಕ್ಕೆ ಮಾತ್ರ ಈ ಪರೀಕ್ಷೆ. ಟಾರ್ಸೆನ್ ಒಳಗೆ ಗೇರುಗಳೇ ಇರುವುದರಿಂದ ಹೀಗೆ ನೋಡಿ ನಂಬುವ ಹಾಗಿಲ್ಲ, ಅದಕ್ಕೆ ಕಾರಿನ ಚಾಸಿ ನಂಬರ್ ಹಿಡಿದು ದಾಖಲೆ ನೋಡುವುದೇ ಸರಿ.

ಕೊನೆಗೆ ನಾನು ತಗೊಂಡದ್ದು ಜಿಆರ್86 ಬೇಸ್. ಎಂಎಕ್ಸ್-5 ಕ್ಲಬ್ ಸ್ಟೀರಿಂಗ್ ಕೈಗೆ ಕೊಡುವ ಖುಷಿ ಇದರಲ್ಲಿಲ್ಲ, ಒಪ್ಪುತ್ತೇನೆ. ಎಂಎಕ್ಸ್-5 ಬೇಸ್ ತೂಕ ಸುಮಾರು 1060 ಕಿಲೋ, ಜಿಆರ್86 ಸುಮಾರು 1275. ಆ ಹಗುರತನ ಪ್ರತಿ ತಿರುವಿನಲ್ಲೂ ಗೊತ್ತಾಗುತ್ತದೆ. ಆದರೆ ನನಗೆ ಸಾಮಾನು ಹಾಕಲು ಜಾಗ ಬೇಕಿತ್ತು. ಇದರ ಹಿಂದಿನ ಸೀಟು ಮಡಚಿದರೆ ನಾಲ್ಕು ಚಕ್ರ ಒಳಗೆ ಹಿಡಿಯುತ್ತದೆ. ಬೇಸ್ ಕಾರು ಶೋರೂಂನಲ್ಲಿ ಇರಲಿಲ್ಲ, ‘ಪ್ರೀಮಿಯಂ ಇಲ್ಲೇ ಇದೆ, ನಾಳೆಯೇ ತಗೊಂಡು ಹೋಗಿ’ ಅಂದರು. ಬೇಸ್ ಯಾವಾಗಲೂ ಕಡಿಮೆ ತರಿಸುತ್ತಾರೆ. ಕಾದೆ.

ಪ್ರೈಮಸಿ ಟೈರ್ ಸವೆಯುವ ತನಕ ಅದರಲ್ಲೇ ಓಡಿಸಿದೆ. ಆಮೇಲೆ ಅದೇ ಅಳತೆಯ, ಹಿಡಿತ ಜಾಸ್ತಿ ಇರುವ ಟೈರ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದೆ. ಬ್ರೇಕ್ ಆಯಿಲ್ ಬದಲಾಯಿಸಿದೆ. ಉಳಿದ ಹಣದಲ್ಲಿ ಒಂದು ದಿನ ಟ್ರ್ಯಾಕಿನಲ್ಲಿ ಪಕ್ಕದಲ್ಲಿ ಕೂತು ಕಲಿಸುವವರ ಹತ್ತಿರ ತರಬೇತಿ. ಬ್ರೇಕ್ ಪ್ಯಾಡ್ ಇನ್ನೂ ಕಂಪನಿಯದ್ದೇ. ಅರ್ಧ ಸವೆದಿದೆ, ಮುಗಿದ ಮೇಲೆ ಯಾವುದು ಹಾಕಿಸುವುದು ಅಂತ ಈಗ ಹುಡುಕುತ್ತಿದ್ದೇನೆ.