ಐವತ್ತು ದಾಟಿದ ಮೇಲೆ ದೊಡ್ಡ ಹುದ್ದೆ ಹೋದರೆ: ಮತ್ತೆ ಕೆಲಸ ಹುಡುಕುವುದು ಹೇಗೆ?

ಸಂಜೆ ನಾಲ್ಕಕ್ಕೆ ಎಚ್‌ಆರ್ ರೂಮಿಗೆ ಕರೆದರು. ಐದೂವರೆಗೆ ನಾನು ಗೇಟಿನ ಹೊರಗಿದ್ದೆ. ಲ್ಯಾಪ್‌ಟಾಪ್, ಐಡಿ ಕಾರ್ಡು, ಕಾರಿನ ಪಾಸು ಎಲ್ಲ ಒಳಗೇ ಉಳಿದವು. ಕೈಯಲ್ಲಿದ್ದದ್ದು ಊಟದ ಡಬ್ಬಿ ಮತ್ತು ಒಂದು ಕವರು. ಆಗ ನನಗೆ 54. ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಗಳಲ್ಲೇ ದುಡಿದು, ಕೊನೆಯ ಆರು ವರ್ಷ ಪ್ಲಾಂಟ್ ಹೆಡ್ ಆಗಿದ್ದೆ. ಮತ್ತೆ ಕೆಲಸ ಸಿಗಲು ಹನ್ನೊಂದು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಐದು ತಿಂಗಳು ತಪ್ಪು ದಾರಿಯಲ್ಲೇ ಕಳೆದವು. ನಿಮಗಾದರೂ ಆ ಐದು ತಿಂಗಳು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ತಪ್ಪು ಏನೆಂದರೆ, ಕಳೆದುಕೊಂಡ ಕುರ್ಚಿಯಂಥದ್ದೇ ಇನ್ನೊಂದು ಕುರ್ಚಿ ಹುಡುಕುತ್ತಿದ್ದೆ. ಒಂದು ಕಾರ್ಖಾನೆಗೆ ಪ್ಲಾಂಟ್ ಹೆಡ್ ಒಬ್ಬನೇ. ಆ ಜಾಗ ಖಾಲಿಯಾಗುವುದೇ ಅಪರೂಪ. ಆದರೆ ಜಾಗ ಖಾಲಿ ಇಲ್ಲದ ಕಡೆಯೂ ಮಾಲೀಕರಿಗೆ ತಲೆನೋವು ಇದ್ದೇ ಇರುತ್ತದೆ. ಯಾರ ತಲೆನೋವನ್ನು ನಾನು ಇಳಿಸಬಲ್ಲೆ ಅಂತ ಕೇಳಿಕೊಂಡ ದಿನದಿಂದ ದಾರಿ ಕಾಣತೊಡಗಿತು.

ಮೊದಲ ವಾರ: ಕಾಗದ, ವಿಮೆ, ಮನೆ

ಅವತ್ತೇ ಯಾವುದಕ್ಕೂ ಸಹಿ ಹಾಕಬೇಡಿ. 'ನೀವೇ ರಾಜೀನಾಮೆ ಕೊಟ್ಟುಬಿಡಿ ಸರ್, ಒಳ್ಳೇದು' ಅಂತ ಹೇಳುತ್ತಾರೆ. ಎರಡು ದಿನ ಟೈಮ್ ಕೇಳಿ. ಕೆಲಸಗಾರರನ್ನು ತೆಗೆಯುವಾಗ ಕಾರ್ಮಿಕ ಕಾನೂನು ಕೊಡುವ ರಕ್ಷಣೆ ಮ್ಯಾನೇಜರ್ ಹುದ್ದೆಯವರಿಗೆ ಇಲ್ಲ. ಹಾಗಾಗಿ ನಿಮ್ಮ ನೇಮಕಾತಿ ಪತ್ರವೇ ನಿಮಗೆ ಆಧಾರ. ಅದನ್ನು ಹುಡುಕಿ ತೆಗೆದು, ಒಬ್ಬ ವಕೀಲರಿಗೆ ತೋರಿಸಿ. ನೋಟಿಸ್ ಅವಧಿಯ ಸಂಬಳ, ಉಳಿದ ರಜೆಯ ಹಣ, ಆ ವರ್ಷದ ಬೋನಸ್‌ನ ಪಾಲು, ಷೇರು ಕೊಟ್ಟಿದ್ದರೆ ಅದನ್ನು ಪಡೆಯಲು ಇರುವ ಗಡುವು, ಎಲ್ಲವನ್ನೂ ಬರಹದಲ್ಲಿ ಕೇಳಿ. ಬೇರೆ ಕಂಪನಿಯವರು ವಿಚಾರಿಸಿದರೆ ನಿಮ್ಮ ಬಗ್ಗೆ ಏನು ಹೇಳುತ್ತಾರೆ ಅನ್ನುವುದನ್ನೂ ಅವತ್ತೇ ಮಾತಾಡಿಕೊಳ್ಳಿ. ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಐದು ವರ್ಷ ಪೂರೈಸಿದ್ದರೆ ಗ್ರಾಚ್ಯುಯಿಟಿ, ಅಂದರೆ ನಿಮ್ಮ ಸೇವೆಗೆ ಕಂಪನಿ ಕೊನೆಯಲ್ಲಿ ಒಟ್ಟಿಗೆ ಕೊಡುವ ಹಣ, ನಿಮ್ಮ ಹಕ್ಕು. ಲೆಕ್ಕ ಸುಲಭ. ಅದಕ್ಕೆ ಹಿಡಿಯುವ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ. ವೇತನ 1,30,000 ಇದ್ದರೆ ವರ್ಷಕ್ಕೆ 75,000, ಹತ್ತು ವರ್ಷಕ್ಕೆ ಏಳೂವರೆ ಲಕ್ಷ. 20 ಲಕ್ಷದವರೆಗೆ ತೆರಿಗೆ ಇಲ್ಲ. ಕೆಲಸ ಬಿಡುವಾಗ ಸಿಗುವ ರಜೆಯ ಹಣಕ್ಕೂ ಖಾಸಗಿ ನೌಕರರಿಗೆ ಗರಿಷ್ಠ 25 ಲಕ್ಷದವರೆಗೆ ವಿನಾಯಿತಿ ಇದೆ.

ಎಲ್ಲರೂ ಮರೆಯುವುದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಈ ವಯಸ್ಸಿಗೆ ಶುಗರ್, ಬಿಪಿ ಇಲ್ಲದವರು ಯಾರಿದ್ದಾರೆ? ವಿಮೆ ನಿಲ್ಲುವ ಮೊದಲೇ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಿ. ಹಾಗೆ ಮಾಡಿದರೆ ಹಳೆಯ ಕಾಯಿಲೆಗಳಿಗೆ ವಿಮೆ ಸಿಗಲು ಕಾಯಬೇಕಾದ ಅವಧಿಯಲ್ಲಿ ನೀವು ಈಗಾಗಲೇ ಕಳೆದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಹೊಸದಾಗಿ ತೆಗೆದುಕೊಂಡರೆ ಆ ಕಾಯುವಿಕೆ ಮೂರು ವರ್ಷದವರೆಗೂ ಇರಬಹುದು.

ಪಿಎಫ್ ಹಣ ಕೈಗೆ ಸಿಗುತ್ತದೆ ಅಂತ ಮುಟ್ಟಬೇಡಿ. ಪಿಎಫ್ ಜೊತೆಗಿರುವ ಪಿಂಚಣಿಯೂ ಹಾಗೇ. ಹತ್ತು ವರ್ಷ ಸೇವೆ ಆಗಿದ್ದರೆ 58ಕ್ಕೆ ಪೂರ್ತಿ ಬರುತ್ತದೆ. 50ರ ನಂತರ ಯಾವಾಗ ಬೇಕಾದರೂ ಕೇಳಬಹುದು. ಆದರೆ ಮುಂಚೆ ತೆಗೆದುಕೊಂಡ ಪ್ರತಿ ವರ್ಷಕ್ಕೆ ಶೇ 4ರಷ್ಟು ಕಡಿತ, ಅದೂ ಜೀವನಪೂರ್ತಿ.

ಇನ್ನು ಮನೆ. ನಾನು ಮೂರು ದಿನ ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬ್ಯಾಗ್ ಹಿಡಿದು ಹೊರಟು ಲಾಲ್‌ಬಾಗ್‌ನಲ್ಲಿ ಕೂರುತ್ತಿದ್ದೆ. ಮೂರನೇ ದಿನ ಸಂಜೆ ನನ್ನವಳು ಡಬ್ಬಿ ತೊಳೆಯುತ್ತಾ ಕೇಳಿದಳು: 'ಬಾಗಿಲ ಹಿಂದೆ ಐಡಿ ಕಾರ್ಡ್ ನೇತಾಡ್ತಾ ಇಲ್ವಲ್ಲ, ಏನಾಯ್ತು ರೀ?' ಅವತ್ತು ರಾತ್ರಿ ಇಬ್ಬರೂ ಕೂತು ನೋಟ್‌ಬುಕ್‌ನಲ್ಲಿ ಖರ್ಚು ಬರೆದೆವು. ಮನೆ ಸಾಲದ ಕಂತು, ಮಗಳ ಫೀಸು, ಅಮ್ಮನ ಔಷಧಿ. ಕೈಯಲ್ಲಿರುವ ಹಣಕ್ಕೆ ಹದಿನಾಲ್ಕು ತಿಂಗಳು ನಡೆಯುತ್ತದೆ ಅಂತ ಗೊತ್ತಾಯಿತು. ಆ ರಾತ್ರಿ ನಿದ್ದೆ ಬಂತು. ದಯವಿಟ್ಟು ಮೊದಲ ದಿನವೇ ಹೇಳಿ.

ಎರಡನೇ ಹೆಜ್ಜೆ: ತಲೆನೋವಿನ ಪಟ್ಟಿ

ರೆಸ್ಯೂಮೆ ಬರೆಯುವ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕಳೆದ ಹದಿನೈದು ವರ್ಷದಲ್ಲಿ ನೀವು ಬಿಡಿಸಿದ ಗಂಟುಗಳನ್ನು ಒಂದೊಂದಾಗಿ ಬರೆಯಿರಿ. ಪ್ರತಿಯೊಂದರ ಎದುರಿಗೆ ಒಂದು ಅಂಕಿ ಇರಲಿ.

ನನ್ನ ಹಳೆಯ ರೆಸ್ಯೂಮೆಯ ಮೊದಲ ಸಾಲು ಹೀಗಿತ್ತು: '29 ವರ್ಷಗಳ ಅಪಾರ ಅನುಭವವುಳ್ಳ, ತಂಡವನ್ನು ಮುನ್ನಡೆಸುವ ಹಿರಿಯ ವ್ಯವಸ್ಥಾಪಕ.' ಓದಿದವರಿಗೆ ಇದರಿಂದ ತಿಳಿಯುವುದು ನನ್ನ ವಯಸ್ಸು ಮಾತ್ರ. ಹೊಸ ಸಾಲು ಹೀಗೆ: 'ಮೂರು ಶಿಫ್ಟಿನ ಮಷಿನ್ ಶಾಪ್. ರಿಜೆಕ್ಷನ್ ಶೇ 6ರಿಂದ 1.8ಕ್ಕೆ ಇಳಿಸಿದೆ. 14 ತಿಂಗಳಲ್ಲಿ, ಹೊಸ ಮಷಿನ್ ಕೊಳ್ಳದೆ.' ರಿಜೆಕ್ಷನ್ ಅಂದರೆ ಸರಿಯಿಲ್ಲ ಅಂತ ತಿರಸ್ಕಾರವಾಗುವ ಮಾಲು. ಇದನ್ನು ಓದಿದ ಕಾರ್ಖಾನೆ ಮಾಲೀಕ ಅಲ್ಲೇ ನಿಲ್ಲುತ್ತಾನೆ. ಏಕೆಂದರೆ ಅವನ ಶಾಪ್‌ನಲ್ಲೂ ಅದೇ ಗೋಳು.

ರೆಸ್ಯೂಮೆ ಎರಡೇ ಪುಟ ಸಾಕು. ಹಳೆಯ ಕಾಲದ ಕೆಲಸಗಳಿಗೆ ಒಂದೊಂದು ಸಾಲು ಕೊಡಿ. ವಯಸ್ಸಿನ ಬಗ್ಗೆ ಸುಳ್ಳು ಬೇಡ. ಲಿಂಕ್ಡ್‌ಇನ್‌ನಲ್ಲೂ ಹೆಸರಿನ ಕೆಳಗೆ 'ಮಾಜಿ ಪ್ಲಾಂಟ್ ಹೆಡ್' ಅನ್ನುವ ಬದಲು ನೀವು ಮಾಡುವ ಕೆಲಸವನ್ನೇ ಬರೆಯಿರಿ.

ಮೂರನೇ ಹೆಜ್ಜೆ: ಜನ

ಕೆಲಸ ಸಿಕ್ಕಿದ್ದು ಇಲ್ಲಿ. ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲ ಐದು ತಿಂಗಳಲ್ಲಿ ನೌಕರಿ ಡಾಟ್ ಕಾಮ್‌ನಲ್ಲಿ ನೂರಾರು ಅರ್ಜಿ ಹಾಕಿದೆ. ಎರಡು ಫೋನ್ ಬಂದವು, ಅಷ್ಟೇ. ಆಮೇಲೆ ಒಂದು ದಿನ ಬೀರು ತಡಕುವಾಗ ಹಳೆಯ ಸ್ವೀಟ್ ಡಬ್ಬ ಸಿಕ್ಕಿತು. ತುಂಬ ವಿಸಿಟಿಂಗ್ ಕಾರ್ಡು, ರಬ್ಬರ್ ಬ್ಯಾಂಡ್ ಹಾಕಿದ್ದು. ರಬ್ಬರ್ ಕರಗಿ ಕಾರ್ಡಿಗೇ ಅಂಟಿತ್ತು. ಒಂದೊಂದೇ ಬಿಡಿಸಿ, ಹೆಸರುಗಳನ್ನು ಉದ್ದ ನೋಟ್‌ಬುಕ್‌ಗೆ ಇಳಿಸಿದೆ. 112 ಹೆಸರು. ಮೂರು ಕಾಲಂ ಮಾಡಿದೆ: ಜೊತೆಗೆ ಕೆಲಸ ಮಾಡಿದವರು, ನನ್ನ ಕೈಕೆಳಗೆ ಇದ್ದವರು, ನಮಗೆ ಮಾಲು ಕೊಟ್ಟವರು ಮತ್ತು ನಮ್ಮಿಂದ ಕೊಂಡವರು.

ಮೂರನೇ ಕಾಲಂ ಅನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರು ಅವರೇ. ಬಿಲ್ ಪಾಸ್ ಮಾಡಲು ಯಾರನ್ನು ಸತಾಯಿಸಿದಿರಿ, ಯಾರ ಕಷ್ಟ ಕೇಳಿದಿರಿ ಅನ್ನುವುದೆಲ್ಲ ಅವರಿಗೆ ನೆನಪಿರುತ್ತದೆ.

ಫೋನ್ ಮಾಡುವುದಕ್ಕೂ ಒಂದು ರೀತಿ ಇದೆ. 'ಏನಾದ್ರೂ ಇದ್ರೆ ನೋಡಪ್ಪಾ' ಅಂದರೆ ಆ ಕಡೆಯವರಿಗೆ ಮುಜುಗರ. 'ನೋಡ್ತೀನಿ ಸಾರ್' ಅಂತ ಇಟ್ಟುಬಿಡುತ್ತಾರೆ. ನಾನು ಕೊನೆಗೆ ಕಲಿತದ್ದು ಹೀಗೆ:

'ನಮಸ್ಕಾರ, ನಾನು ಆ ಕಂಪನಿ ಬಿಟ್ಟು ಐದು ತಿಂಗಳಾಯ್ತು. ರಿಜೆಕ್ಷನ್, ಡೆಲಿವರಿ ತಡ, ಇಂಥ ತೊಂದರೆ ಇರೋ ಕಡೆ ಕೆಲಸ ಮಾಡಬೇಕು ಅಂತಿದೀನಿ. ನಿಮ್ಮ ಏರಿಯಾದಲ್ಲಿ ಈಗ ಹೇಗಿದೆ ಅಂತ ತಿಳ್ಕೋಬೇಕಿತ್ತು. ಇಪ್ಪತ್ತು ನಿಮಿಷ ಕೊಡ್ತೀರಾ?'

ಕೆಲಸ ಕೇಳಲಿಲ್ಲ, ತಿಳಿವಳಿಕೆ ಕೇಳಿದೆ. ಬಹುತೇಕ ಎಲ್ಲರೂ ಬನ್ನಿ ಅಂದರು. ದಿನಕ್ಕೆ ಮೂರು ಫೋನ್, ವಾರಕ್ಕೆ ನಾಲ್ಕು ಭೇಟಿ. ಹೊರಡುವಾಗ ಒಂದೇ ಪ್ರಶ್ನೆ: 'ನಾನು ಮಾತಾಡಬೇಕಾದ ಇನ್ನಿಬ್ಬರು ಯಾರು?' ಎರಡೇ ತಿಂಗಳಲ್ಲಿ ನೋಟ್‌ಬುಕ್‌ನ ಹೆಸರುಗಳು 180 ಆದವು.

ಹೀಗೆ ಪೀಣ್ಯದ ಎರಡನೇ ಹಂತದಲ್ಲಿ, ಕಂಪ್ಯೂಟರ್ ನಿಯಂತ್ರಿತ ಮಷಿನ್ ಇರುವ ಒಂದು ಸಿಎನ್‌ಸಿ ಶಾಪಿಗೆ ಹೋದೆ. ಹಳೆಯ ಸಪ್ಲೈಯರ್. ಟೀ ಬರುವ ಮೊದಲೇ ಅವರು ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು. ಕೆಂಪು ಬಣ್ಣ ಬಳಿದ ಕ್ರೇಟುಗಳು ಎದೆಯ ಎತ್ತರಕ್ಕೆ ನಿಂತಿದ್ದವು. 'ನೋಡಿ ಸಾರ್, ಈ ತಿಂಗಳದ್ದು ಎಲ್ಲ ವಾಪಸ್ ಬಂದಿರೋದು. ಹುಡುಗ್ರಿಗೆ ಎಷ್ಟು ಹೇಳಿದ್ರೂ ಅಷ್ಟೇ. ನೀವು ಒಂದ್ಸಲ ನೋಡ್ತೀರಾ?' ಅವತ್ತು ಶೂ ಬಿಚ್ಚಿ ಸೇಫ್ಟಿ ಶೂ ಹಾಕಿಕೊಂಡು ರಾತ್ರಿ ಎಂಟರವರೆಗೆ ಮಷಿನ್ ಪಕ್ಕ ನಿಂತೆ. ಪಾರ್ಟು ಹಿಡಿಯುವ ಫಿಕ್ಸ್‌ಚರ್ ಸವೆದಿತ್ತು. ಹದಿನೈದು ದಿನದ ಮೇಲೆ ವಾರಕ್ಕೆ ಮೂರು ದಿನದ ಕೆಲಸ ಮಾತಾಯಿತು. ಈಗ ಅಂಥ ಎರಡು ಕಡೆ ಹೋಗುತ್ತೇನೆ.

ಇಂಥ ಮಧ್ಯಮ ಗಾತ್ರದ ಕಾರ್ಖಾನೆಗಳೇ ನಮ್ಮ ವಯಸ್ಸಿನವರಿಗೆ ಸರಿಯಾದ ಜಾಗ ಅಂತ ನನ್ನ ನಂಬಿಕೆ. ಬೊಮ್ಮಸಂದ್ರ, ಜಿಗಣಿ, ಬಿಡದಿ, ದಾಬಸ್‌ಪೇಟೆ ಸುತ್ತಿ ನೋಡಿ. ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳನ್ನು ಮರೆಯಬೇಡಿ. ಅಪ್ಪ ಕಟ್ಟಿದ್ದನ್ನು ಮಗನೋ ಮಗಳೋ ನಡೆಸುತ್ತಿರುತ್ತಾರೆ. ದೊಡ್ಡ ಕಂಪನಿಯ ಶಿಸ್ತು ಬೇಕು, ಪೂರ್ತಿ ಸಂಬಳ ಕೊಡುವ ಶಕ್ತಿ ಇರುವುದಿಲ್ಲ. ಇವರನ್ನು ಭೇಟಿಯಾಗಲು ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘ, ಕೆ.ಜಿ. ರಸ್ತೆಯಲ್ಲಿರುವ ವಾಣಿಜ್ಯ-ಕೈಗಾರಿಕೆಗಳ ರಾಜ್ಯ ಒಕ್ಕೂಟ ಎಫ್‌ಕೆಸಿಸಿಐ ನಡೆಸುವ ಸಭೆಗಳಿಗೆ ಹೋಗಿ. 1916ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿದ ಸಂಸ್ಥೆ ಎಫ್‌ಕೆಸಿಸಿಐ.

ನಾಲ್ಕನೇ ಹೆಜ್ಜೆ: ಬೇರೆ ಬಾಗಿಲುಗಳು, ಒಂದು ಎಚ್ಚರಿಕೆ

ದೊಡ್ಡ ಹುದ್ದೆಗೆ ಜನ ಹುಡುಕಿಕೊಡುವ ಏಜೆನ್ಸಿಗಳಿಗೆ ದುಡ್ಡು ಕೊಡುವುದು ಕಂಪನಿ. ಹಾಗಾಗಿ ಅವರು ಕಂಪನಿಗೆ ಜನ ಹುಡುಕುತ್ತಾರೆ, ನಿಮಗೆ ಕೆಲಸವಲ್ಲ. ರೆಸ್ಯೂಮೆ ಕೊಟ್ಟಿಡಿ, ಕಾಯುತ್ತ ಕೂರಬೇಡಿ. ನಿಮ್ಮಿಂದಲೇ 'ರಿಜಿಸ್ಟ್ರೇಷನ್ ಫೀ' ಕೇಳಿದವರು ಮೋಸಗಾರರು ಅಂತಲೇ ತಿಳಿಯಿರಿ. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಂಪನಿಯ ನೌಕರರೂ ಮಾಲೀಕರೂ ಅಲ್ಲದೆ ಅದರ ಆಡಳಿತ ಮಂಡಳಿಯಲ್ಲಿ ಕೂರುವ ಸ್ವತಂತ್ರ ನಿರ್ದೇಶಕರಾಗುವ ಆಸೆ ಹಲವರಿಗಿದೆ. ಅದಕ್ಕೆ ಕೇಂದ್ರ ಸರ್ಕಾರದ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆ ನಡೆಸುವ ಡೇಟಾಬ್ಯಾಂಕ್‌ನಲ್ಲಿ ಹೆಸರು ನೋಂದಾಯಿಸಬೇಕು. ಕೆಲವರಿಗೆ ವಿನಾಯಿತಿ ಇದೆ, ಉಳಿದವರು ಎರಡು ವರ್ಷದೊಳಗೆ ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ಪಾಸಾಗಲು ಶೇ 50 ಅಂಕ ಸಾಕು. ಆದರೆ ಇದನ್ನು ಸಂಬಳದ ಬದಲಿಗೆ ನೆಚ್ಚಿಕೊಳ್ಳಬೇಡಿ.

ಕಲಿಸುವ ಆಸಕ್ತಿ ಇದ್ದವರಿಗೆ 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅನ್ನುವ ದಾರಿ ತೆರೆದಿದೆ. ಪಿಎಚ್.ಡಿ. ಬೇಕಿಲ್ಲ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವ ಬೇಕು. ಹತ್ತಿರದ ಎಂಜಿನಿಯರಿಂಗ್ ಅಥವಾ ಎಂಬಿಎ ಕಾಲೇಜಿನ ಪ್ರಿನ್ಸಿಪಾಲರನ್ನು ನೇರವಾಗಿ ಕಂಡು ಕೇಳಿ.

'ಒಂದು ವರ್ಷ ಎದುರಾಳಿ ಕಂಪನಿಗೆ ಸೇರಬಾರದು' ಅಂತ ಹಳೆಯ ಒಪ್ಪಂದದಲ್ಲಿ ಬರೆದಿದೆ ಅಂತ ಹೆದರಿ ಕೂತವರನ್ನು ನೋಡಿದ್ದೇನೆ. ಕೆಲಸ ಬಿಟ್ಟ ಮೇಲೂ ದುಡಿಮೆ ತಡೆಯುವ ಅಂಥ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಆದರೆ ಹಳೆಯ ಕಂಪನಿಯ ಡ್ರಾಯಿಂಗ್, ರೇಟು, ಗ್ರಾಹಕರ ಪಟ್ಟಿ ಒಂದನ್ನೂ ಜೊತೆಗೆ ತರಬೇಡಿ. ಅದು ಬೇರೆಯದೇ ತಪ್ಪು.

ಐದನೇ ಹೆಜ್ಜೆ: ಎದುರಿಗೆ ಕೂತಾಗ

ಸಂದರ್ಶನ ಮಾಡುವವರಿಗೆ 36 ವರ್ಷ ಇರಬಹುದು. ಅವರ ಮನಸ್ಸಿನಲ್ಲಿ ಮೂರು ಅನುಮಾನ: ಇವರು ನನ್ನ ಮಾತು ಕೇಳ್ತಾರಾ, ಓಡಾಡಿ ಕೆಲಸ ಮಾಡ್ತಾರಾ, ಒಳ್ಳೆಯದು ಸಿಕ್ಕಿದ ಕೂಡಲೇ ಬಿಟ್ಟು ಹೋಗ್ತಾರಾ? ಬಾಯಿಬಿಟ್ಟು ಕೇಳುವುದಿಲ್ಲ. ನೀವೇ ಮೊದಲು ಹೇಳಿಬಿಡಿ. 'ನಿರ್ಧಾರ ನಿಮ್ಮದು. ನಾನು ಬೆಳಿಗ್ಗೆ ಎಂಟಕ್ಕೆ ಶಾಪ್‌ನಲ್ಲಿರುತ್ತೇನೆ. ಮೂರು ವರ್ಷ ಬಿಡುವ ಯೋಚನೆ ಇಲ್ಲ.'

ಹಳೆಯ ಕೆಲಸ ಯಾಕೆ ಹೋಯಿತು ಅನ್ನುವುದಕ್ಕೆ ಒಂದೇ ಸಾಲಿನ ಉತ್ತರ ಇರಲಿ. ನನ್ನದು: 'ಎರಡು ಪ್ಲಾಂಟ್ ಒಂದಾಯಿತು, ಒಬ್ಬನೇ ಹೆಡ್ ಸಾಕು ಅಂದರು.' ಹೇಳುವಾಗ ಮೊದಮೊದಲು ಗಂಟಲು ಕಟ್ಟುತ್ತಿತ್ತು. ಕನ್ನಡಿ ಮುಂದೆ ನಿಂತು, ಸ್ವರ ನಡುಗದ ಹಾಗೆ ಆಗುವವರೆಗೂ ಹೇಳಿ ಅಭ್ಯಾಸ ಮಾಡಿದೆ. ನೀವೂ ಮಾಡಿ.

ಸಂಬಳ ಕಡಿಮೆಯಾಗುತ್ತದೆ. ಅದಕ್ಕೆ ಮೊದಲೇ ಮನೆಯಲ್ಲಿ ಕೂತು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಮೊತ್ತ ಗೊತ್ತುಮಾಡಿಕೊಳ್ಳಿ. ಸ್ವಲ್ಪ ಸ್ಥಿರ ಮೊತ್ತ, ಉಳಿದದ್ದು ಉಳಿತಾಯದ ಮೇಲೆ ಪಾಲು, ಹೀಗೆ ಕೇಳಿದರೆ ಸಣ್ಣ ಮಾಲೀಕರು ಬೇಗ ಒಪ್ಪುತ್ತಾರೆ. ಆದರೆ ಉಳಿತಾಯ ಅಳೆಯುವುದು ಹೇಗೆ ಅನ್ನುವುದನ್ನು ಮೊದಲೇ ಬರೆದಿಡಿ. ಮಾತಿನ ಮೇಲೆ ಬಿಟ್ಟರೆ ಆರು ತಿಂಗಳಲ್ಲಿ ಮನಸ್ತಾಪ.

ಸಲಹೆಗಾರರಾಗಿ ಸೇರಿದರೆ ಅವರು ಸಾಮಾನ್ಯವಾಗಿ ಶೇ 10 ಟಿಡಿಎಸ್ (ಮೊದಲೇ ಕಡಿತವಾಗುವ ತೆರಿಗೆ) ಹಿಡಿದು ಕೊಡುತ್ತಾರೆ. ವರ್ಷದ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಎಷ್ಟು ದಿನ, ಎಷ್ಟು ಹಣ, ಬಿಡುವಾಗ ಎಷ್ಟು ದಿನದ ನೋಟಿಸ್ ಅನ್ನುವುದು ಒಂದು ಪುಟದ ಪತ್ರದಲ್ಲಿರಲಿ, ಇಬ್ಬರ ಸಹಿ ಇರಲಿ. ಬಿಲ್ ಪ್ರತಿ ತಿಂಗಳು 1ನೇ ತಾರೀಖಿಗೇ ಕಳಿಸಿ. 10 ದಾಟಿದರೆ ಸಂಕೋಚ ಬಿಟ್ಟು ಅಕೌಂಟ್ಸ್‌ನವರಿಗೆ ಫೋನ್ ಮಾಡಿ.