ಮೇಲಿನ ಥಳುಕಿಗೆ ಎಷ್ಟು, ಕೆಳಗಿನ ತಗಡಿಗೆ ಎಷ್ಟು: ಒಂದು ಎಂಜಿಬಿಗೆ ನಾನು ಬೆಲೆ ಕಟ್ಟಿದ ಬಗೆ

1971ರ ಎಂಜಿಬಿ ರೋಡ್‌ಸ್ಟರ್. ಮಡಚುವ ಚಾವಣಿಯ, ಎರಡು ಸೀಟಿನ ಹಳೆಯ ಬ್ರಿಟಿಷ್ ಕಾರು. ಕೆಂಪು ಬಣ್ಣ, ಕ್ರೋಮ್ ಬಂಪರ್, ತಂತಿ ಚಕ್ರಗಳು. ಮಾರುವವರು ಹೇಳಿದ ಬೆಲೆ 12,500 ಪೌಂಡ್. ಕಾರು ಇದ್ದದ್ದು ಇಂಗ್ಲೆಂಡಿನ ಕಾವೆಂಟ್ರಿಯ ನಮ್ಮ ಮನೆಯಿಂದ ಗಂಟೆಯ ದಾರಿಯಲ್ಲಿ. ಜಾಹೀರಾತು ನೋಡಿದ ನನ್ನ ಹೆಂಡತಿ, “ವರ್ಷವಿಡೀ ಮಳೆ ಸುರಿಯುವ ಊರಿನಲ್ಲಿ ಚಾವಣಿ ತೆಗೆಯುವ ಕಾರು ಯಾರಿಗೆ ಬೇಕು ಹೇಳಿ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ಸುಲಭವಾದ ಪ್ರಶ್ನೆಯನ್ನು ಹಿಡಿದು ಹೊರಟೆ: ಈ ಕಾರು ಅಷ್ಟು ಬಾಳುತ್ತದೆಯೇ?

ಎಂಜಿಬಿಯನ್ನು ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಿಸಿದರು. ಚಾವಣಿಯಿರುವ ಜಿಟಿ ಮಾದರಿಯನ್ನೂ ಸೇರಿಸಿದರೆ ಒಟ್ಟು ಐದು ಲಕ್ಷಕ್ಕೂ ಹೆಚ್ಚು. ಎಂದರೆ ಇದು ಅಪರೂಪದ ಕಾರೇ ಅಲ್ಲ. “ಇಂಥದ್ದು ಮತ್ತೆ ಸಿಗುವುದಿಲ್ಲ” ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಬಹುದು. ಮುಂದಿನ ವಾರ ಇನ್ನೊಂದು ಸಿಗುತ್ತದೆ. 1798 ಸಿಸಿಯ ಎಂಜಿನ್, ಎರಡು ಎಸ್‌ಯು ಕಾರ್ಬುರೇಟರ್, ಬ್ರೇಕು, ಕ್ಲಚ್ಚು, ಸೀಟಿನ ಹೊದಿಕೆ ಎಲ್ಲಕ್ಕೂ ಬಿಡಿಭಾಗಗಳು ಅಂಗಡಿಯಲ್ಲಿ ಸಿದ್ಧವಿವೆ. 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುತ್ತಿದ್ದಾರೆ. ಹಾಗಾಗಿ ಎಂಜಿನ್ ಹೊಗೆಯುಗುಳಿದರೆ ನಾನು ಹೆದರುವುದಿಲ್ಲ. ಅದರ ರಿಪೇರಿಗೆ ಎಷ್ಟಾಗುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ತುಕ್ಕು ಹಾಗಲ್ಲ. ಬಿಚ್ಚಿದ ಮೇಲಷ್ಟೇ ಅದರ ಖರ್ಚು ಗೊತ್ತಾಗುತ್ತದೆ.

ಮೊದಲ ಕೆಲಸ ಬೇರೆಯವರು ಎಷ್ಟು ಕೊಟ್ಟಿದ್ದಾರೆ ಎಂದು ತಿಳಿಯುವುದು. ಜಾಹೀರಾತಿನ ಬೆಲೆ ಮಾರುವವನ ಆಸೆ, ಅಷ್ಟೆ. ಹರಾಜಿನ ಫಲಿತಾಂಶಗಳನ್ನು ಕೆಲವು ತಿಂಗಳು ಹಿಂಬಾಲಿಸಿದೆ. ಅಲ್ಲಿ ಕಾಣುವ ಮೊತ್ತದ ಮೇಲೆ ಕೊಳ್ಳುವವನ ಕಮಿಷನ್ ಬೇರೆ ಬೀಳುತ್ತದೆ, ಅದನ್ನು ಸೇರಿಸಿಯೇ ಹೋಲಿಸಬೇಕು. ನಾನು ನೋಡಿದವುಗಳಲ್ಲಿ ಗಟ್ಟಿಮುಟ್ಟಾದ ಕ್ರೋಮ್ ಬಂಪರ್ ಕಾರುಗಳು 10ರಿಂದ 13 ಸಾವಿರ ಪೌಂಡಿಗೆ ಹೋಗಿದ್ದವು. 1974ರ ಕೊನೆಯಲ್ಲಿ ಅಮೆರಿಕದ ಕಾಯ್ದೆಗೆ ತಕ್ಕಂತೆ ಕಾರನ್ನು ಎತ್ತರಿಸಿ ದಪ್ಪನೆಯ ಕಪ್ಪು ಬಂಪರ್ ಕೂರಿಸಿದರಲ್ಲ, ಆ ಕಾರುಗಳಿಗೆ ಬೆಲೆ ಸಾಕಷ್ಟು ಕಡಿಮೆ. ಮಾರುವವರು ಒಂದು ಮೌಲ್ಯಪತ್ರವನ್ನು ಮುಂದಿಡುವುದುಂಟು. ಅದು ಬಹುತೇಕ ವಿಮೆಗಾಗಿ ಮಾಡಿಸಿದ್ದು, ಕಾರು ನಾಶವಾದರೆ ಮತ್ತೊಂದನ್ನು ಕೊಳ್ಳಲು ಬೇಕಾಗುವ ಹಣ. ಮಾರುಕಟ್ಟೆಯ ಬೆಲೆಗಿಂತ ಮೇಲಿರುವುದೇ ಅದರ ಸ್ವಭಾವ. ನಾನು ಅದನ್ನು ಓದಿ, ಹೊಗಳಿ, ಮಡಚಿ ವಾಪಸ್ ಕೊಡುತ್ತೇನೆ.

ಮನೆಯಲ್ಲೇ ಕುಳಿತು ಮಾಡಿದ ಇನ್ನೊಂದು ಕೆಲಸ ಬಹಳ ಉಪಯೋಗಕ್ಕೆ ಬಂತು. ಇಲ್ಲಿ ಕಾರುಗಳಿಗೆ ಎಂಒಟಿ ಎಂಬ ವಾರ್ಷಿಕ ತಪಾಸಣೆಯಿದೆ. ನೋಂದಣಿ ಸಂಖ್ಯೆ ಕೊಟ್ಟರೆ ಸರ್ಕಾರದ ಜಾಲತಾಣದಲ್ಲಿ ಹಳೆಯ ವರದಿಗಳನ್ನು ಬಿಟ್ಟಿಯಾಗಿ ಓದಬಹುದು. ನಮ್ಮ ಕೆಂಪು ಕಾರಿನ 2016ರ ವರದಿಯಲ್ಲಿ “ಎಡಗಡೆಯ ಸಿಲ್ ತುಕ್ಕು ಹಿಡಿದಿದೆ” ಎಂಬ ಎಚ್ಚರಿಕೆಯಿತ್ತು. 2018ರ ಮೇ ತಿಂಗಳಿನಿಂದ ನಲವತ್ತು ವರ್ಷ ದಾಟಿದ ಕಾರುಗಳಿಗೆ ಈ ತಪಾಸಣೆ ಕಡ್ಡಾಯವಲ್ಲ. ಆಮೇಲೆ ಈ ಕಾರನ್ನು ಯಾರೂ ತಪಾಸಣೆಗೆ ಒಯ್ದಿರಲಿಲ್ಲ. ಕಾನೂನು ಪ್ರಕಾರ ತಪ್ಪೇನಿಲ್ಲ. ಆದರೆ ಎಲ್ಲಿ ಬಗ್ಗಿ ನೋಡಬೇಕು ಎಂಬುದು ನನಗೆ ಗೊತ್ತಾಗಿಹೋಯಿತು.

ಸಿಲ್ ಎಂದರೆ ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹಾಯುವ ಪೆಟ್ಟಿಗೆಯಾಕಾರದ ಉಕ್ಕು. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, ರೋಡ್‌ಸ್ಟರಿಗೆ ಗಟ್ಟಿ ಚಾವಣಿಯೂ ಇಲ್ಲ. ಹಳೆಯ ಮನೆಗೆ ತೊಲೆ ಹೇಗೋ ಈ ಕಾರಿಗೆ ಸಿಲ್ ಹಾಗೆ. ಅದು ಒಂದೇ ತಗಡೂ ಅಲ್ಲ: ಹೊರಗೆ ಕಾಣುವ ಹಾಳೆ, ನಡುವೆ ನೆಟ್ಟಗೆ ನಿಂತ ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಮಡಚಿದ ತಗಡು. ತುದಿಗಳು ಮುಂದಿನ ಮತ್ತು ಹಿಂದಿನ ಮಡ್‌ಗಾರ್ಡುಗಳ ಒಳಕ್ಕೆ ನುಸುಳಿವೆ. ಆದ್ದರಿಂದ ನೆಟ್ಟಗೆ ರಿಪೇರಿ ಮಾಡಬೇಕಾದರೆ ಮಡ್‌ಗಾರ್ಡಿನ ಕೆಳಭಾಗವನ್ನು ಕತ್ತರಿಸಲೇಬೇಕು. ಹಣ ಉಳಿಸುವವರು ಕತ್ತರಿಸುವುದಿಲ್ಲ. ಕೊಳೆತದ್ದರ ಮೇಲೆಯೇ ಹೊಸ ಹಾಳೆ ಮುಚ್ಚಿ, ಪುಟ್ಟಿ ಬಳಿದು, ಬಣ್ಣ ಹೊಡೆಯುತ್ತಾರೆ.

ಮಾರುವವರು ನಿವೃತ್ತರು, ಸೌಮ್ಯ ಸ್ವಭಾವದವರು. ಎಂಜಿನ್ ಬೆಚ್ಚಗೆ ಮಾಡಿಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ, ಹಾಗೆಯೇ ಇಟ್ಟಿದ್ದರು. ಬಣ್ಣ ಕನ್ನಡಿಯಂತಿತ್ತು. ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಎಡ ಸಿಲ್‌ನ ಉದ್ದಕ್ಕೂ ಸರಿಸುತ್ತ ಹೋದೆ. ಬಾಗಿಲ ನಡುಭಾಗದಲ್ಲಿ ಪಟಕ್ಕನೆ ಹಿಡಿಯಿತು. ಹಿಂದಿನ ಚಕ್ರದ ಕಡೆ ಒಂದು ಗೇಣು ಜಾಗದಲ್ಲಿ ಹಿಡಿತವೇ ಇಲ್ಲದೆ ಜಾರಿ ಬಿತ್ತು. ಅಲ್ಲಿ ಬೆರಳ ಗೆಣ್ಣಿನಿಂದ ಬಡಿದರೆ ಉಕ್ಕಿನ ಟಣ್ ಬರಲಿಲ್ಲ, ಮಂದವಾಗಿ ದೊಪ್ ಎಂದಿತು. ಕ್ಯಾಸಲ್ ರೈಲ್ ಇರಬೇಕಾದ ಕಡೆ ದಪ್ಪನೆಯ ಕಪ್ಪು ಟಾರು ಬಳಿದಿತ್ತು.

ಆಮೇಲೆ ಅವರ ಅಪ್ಪಣೆ ಪಡೆದು ಎಡಗಡೆ ಜಾಕ್ ಕೊಟ್ಟೆ. ಎತ್ತುವ ಮುಂಚೆ ಬಾಗಿಲಿನ ಹಿಂಬದಿಯ ಸಂದು ಮೇಲೂ ಕೆಳಗೂ ಒಂದೇ ಅಳತೆಯಲ್ಲಿತ್ತು. ಚಕ್ರ ನೆಲ ಬಿಡುವ ಹೊತ್ತಿಗೆ ಅದು ಬದಲಾಯಿತು; ತೆರೆಯಲು ಹೋದರೆ ಬಾಗಿಲು ಗೊರಕೆ ಹೊಡೆದಂತೆ ಸದ್ದು ಮಾಡಿ ಸಿಕ್ಕಿಕೊಂಡಿತು. ಸಿಲ್ ಗಟ್ಟಿಯಿದ್ದ ಕಾರಿನಲ್ಲಿ ಜಾಕ್ ಮೇಲಿದ್ದಾಗಲೂ ಬಾಗಿಲು ಸಲೀಸಾಗಿ ತೆರೆದುಕೊಳ್ಳಬೇಕು. ಬಾಗಿಲಿನ ಮೇಲೆ, ಸಣ್ಣ ತ್ರಿಕೋನ ಗಾಜಿನ ಬುಡದಲ್ಲಿ ಕೂದಲೆಳೆಯಂಥ ಬಿರುಕೂ ಇತ್ತು. ಅದು ಈ ಜಾತಿಯ ಕಾರುಗಳಿಗೆ ಅಂಟಿದ ರೋಗ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಉಳಿದದ್ದು ಚೆನ್ನಾಗಿಯೇ ಇತ್ತು. ಬಿಸಿಯಾದ ಮೇಲೂ ಓಡುವಾಗ ಆಯಿಲ್ ಒತ್ತಡ 60 ಪಿಎಸ್‌ಐ ಆಸುಪಾಸಿನಲ್ಲಿತ್ತು. ಓವರ್‌ಡ್ರೈವ್ ಸ್ವಿಚ್ ಒತ್ತಿದ ಕೂಡಲೇ ಎಂಜಿನ್ ವೇಗ ಇಳಿಯಿತು. ಕಾರಿನ ವೇಗ ಅಷ್ಟೇ ಇದ್ದರೂ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಗೇರು ಅದು. ಆಗಿನ ಕಾಲಕ್ಕೆ ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳುತ್ತಿದ್ದ ವಸ್ತುವದು. ಅದಿಲ್ಲದ ಕಾರಿಗೆ ನಾನು ಮುಲಾಜಿಲ್ಲದೆ ಬೆಲೆ ಇಳಿಸುತ್ತೇನೆ. ಆದರೆ ಮುಂದಿನ ಚಕ್ರ ಹಿಡಿದು ಅಲುಗಾಡಿಸಿದರೆ, ಆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ ಸವೆದದ್ದು ಕೈಗೆ ಗೊತ್ತಾಯಿತು. ಕಾಲಕಾಲಕ್ಕೆ ಗ್ರೀಸ್ ಕಾಣದಿದ್ದರೆ ಅದರ ಗತಿಯೇ ಅಷ್ಟು.

ಕಾಗದಪತ್ರಗಳಲ್ಲಿ, ಕಾರ್ಖಾನೆಯ ಹಳೆಯ ದಾಖಲೆಗಳನ್ನು ಕಾಪಾಡುವ ಹೆರಿಟೇಜ್ ಟ್ರಸ್ಟಿನ ಪ್ರಮಾಣಪತ್ರವಿತ್ತು. ಕಾರ್ಖಾನೆ ಬಿಟ್ಟಾಗ ಕಾರಿನ ಬಣ್ಣ ಟೀಲ್ ನೀಲಿ ಎಂದು ಅದು ಹೇಳುತ್ತಿತ್ತು. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದರೆ ಆ ನೀಲಿ ಇನ್ನೂ ಅಲ್ಲೇ ಕುಳಿತಿತ್ತು. ರಸೀದಿಗಳು ಪೇಂಟಿಗೆ, ಕ್ರೋಮಿಗೆ, ಹೊಸ ಹುಡ್ಡಿಗೆ, ಎಂದರೆ ಮಡಚುವ ಬಟ್ಟೆ ಚಾವಣಿಗೆ. ಬೆಸುಗೆ ಕೆಲಸದ್ದು ಒಂದೂ ಇಲ್ಲ, ಒಂದು ಫೋಟೋ ಕೂಡ ಇಲ್ಲ.

ಲೆಕ್ಕ ಸರಳವಾಗಿತ್ತು. ಎಲ್ಲ ಗಟ್ಟಿಯಿದ್ದು ಬಣ್ಣ ಮಾತ್ರ ಬದಲಾದ ಕಾರಾಗಿದ್ದರೆ ನಾನು 12,000 ಕೊಡುತ್ತಿದ್ದೆ. ಎರಡೂ ಸಿಲ್ ಬದಲಿಸಿ ಅಕ್ಕಪಕ್ಕದ ಪೇಂಟ್ ಮುಗಿಸಲು ನನಗೆ ಪರಿಚಯವಿರುವ ಬೆಸುಗೆಗಾರ ಹೇಳಿದ್ದು 4,500. ಕಿಂಗ್‌ಪಿನ್‌ಗೆ 500. ಬಿಚ್ಚಿದ ಮೇಲೆ ಕಾಣುವ ತುಕ್ಕಿಗೆಂದು 1,000 ಬದಿಗಿಟ್ಟೆ. ಉಳಿದದ್ದು 6,000. ಅಷ್ಟನ್ನೇ ಹೇಳಿದೆ, ಏಕೆ ಎಂಬುದನ್ನೂ ಜಾಕ್ ಪಕ್ಕದಲ್ಲೇ ನಿಂತು ತೋರಿಸಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. “ನೀವು ಹೇಳುವುದು ಸರಿಯಿರಬಹುದು. ಆದರೆ ಬಣ್ಣ ನೋಡಿ ಕೊಳ್ಳುವವರೂ ಬರುತ್ತಾರೆ” ಎಂದರು. ಬಂದರು ಕೂಡ, ಕೆಲವೇ ದಿನಗಳಲ್ಲಿ ಜಾಹೀರಾತು ಮಾಯವಾಯಿತು.

ನಾನು ಕೊಂಡದ್ದು ಅಕ್ಟೋಬರಿನಲ್ಲಿ, ಹುಡ್ ತೆರೆಯುವ ಕಾಲ ಮುಗಿದು ಕೊಳ್ಳುವವರು ಕಡಿಮೆಯಾದಾಗ. 1972ರ ಇನ್ನೊಂದು ಎಂಜಿಬಿ. ಬಾನೆಟ್‌ನ ಬಣ್ಣ ಮಾಸಿತ್ತು, ಹುಡ್ಡಿನ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿತ್ತು, ಎಂಜಿನ್ ಕೆಳಗೆ ಎಣ್ಣೆಯ ಕಲೆ. ಜೊತೆಗೊಂದು ದಪ್ಪ ಕಡತ: ಮಡ್‌ಗಾರ್ಡ್ ಕತ್ತರಿಸಿದ್ದು, ಒಳ ತಗಡು ಕೂರಿಸಿದ್ದು, ಒಳಗೆ ಮೇಣ ಸಿಂಪಡಿಸಿದ್ದು, ಪ್ರತಿ ಹಂತಕ್ಕೂ ಫೋಟೋ. ಎಂಒಟಿ ಬೇಡವಾದರೂ ಪ್ರತಿ ವರ್ಷ ಮಾಡಿಸಿದ್ದರು. ಜಾಕ್ ಮೇಲೆ ಬಾಗಿಲು ಎರಡು ಬೆರಳಿಗೆ ತೆರೆಯಿತು. ಕೇಳಿದ್ದು 9,800. ಚೌಕಾಸಿ ಮಾಡದೆ ಕೊಟ್ಟೆ. ನಾನು ಲೆಕ್ಕ ಹಾಕಿ ಬರೆದುಕೊಂಡಿದ್ದ ಚೀಟಿಯಲ್ಲಿ ಅದಕ್ಕಿಂತ ದೊಡ್ಡ ಮೊತ್ತವಿತ್ತು. ಆ ಕಡತದ ಫೋಟೋಗಳನ್ನೇ ಕಳುಹಿಸಿ ವಿಮೆಯವರೊಂದಿಗೆ ಒಪ್ಪಿತ ಮೌಲ್ಯ, ಎಂದರೆ ಕಾರು ನಾಶವಾದರೆ ಕೊಡುವ ಮೊತ್ತವನ್ನು ಮೊದಲೇ ಗೊತ್ತು ಮಾಡಿಸಿಕೊಂಡೆ, ಅವರು ಬರೆದದ್ದು 12,000. ಯಾವಾಗಲಾದರೂ ಮಾರುವುದಾದರೆ ಆ ಕಾಗದವನ್ನು ನಾನೂ ಮುಂದಿಡುತ್ತೇನೋ ಏನೋ.