ಎಲ್ಲ ಧರ್ಮಗಳ ಹಬ್ಬಗಳನ್ನೂ ಒಳಗೊಂಡ ರಜಾ ದಿನದರ್ಶಿಕೆಯನ್ನು ಸಿದ್ಧಪಡಿಸುವ ಕ್ರಮ

ಮೈಸೂರು, ಮಂಡ್ಯಗಳಂಥ ಊರುಗಳಲ್ಲಿ ಶಾಲೆಯನ್ನೋ ವಿದ್ಯಾರ್ಥಿನಿಲಯವನ್ನೋ ಸಣ್ಣ ಕಾರ್ಖಾನೆಯನ್ನೋ ನಡೆಸುವವರು ವರ್ಷದ ಮೊದಲಲ್ಲಿ ಸರ್ಕಾರಿ ರಜೆಗಳ ಪಟ್ಟಿಯೊಂದನ್ನು ಸೂಚನಾ ಫಲಕಕ್ಕೆ ಅಂಟಿಸಿ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಸಂಸ್ಥೆ ಯಾವ ದಿನ ಮುಚ್ಚಿರುತ್ತದೆ ಎಂಬುದಷ್ಟೇ ಆ ಪಟ್ಟಿಯಿಂದ ತಿಳಿಯುತ್ತದೆ. ತೆರೆದಿರುವ ದಿನಗಳಲ್ಲಿ ಯಾರು ಉಪವಾಸವಿರುತ್ತಾರೆ, ಯಾರು ಹಿಂದಿನ ರಾತ್ರಿಯಿಡೀ ಎಚ್ಚರವಿದ್ದು ಬಂದಿರುತ್ತಾರೆ, ಯಾವ ದಿನ ಪರೀಕ್ಷೆಯಿಟ್ಟರೆ ಯಾವ ಮಗುವಿಗೆ ತೊಂದರೆಯಾಗುತ್ತದೆ ಎಂಬುದನ್ನೂ ಹೇಳುವ ದಿನದರ್ಶಿಕೆ ಬೇಕಾದರೆ ಅದನ್ನು ನಾವೇ ಕೂತು ಸಿದ್ಧಪಡಿಸಬೇಕು. ಡಿಸೆಂಬರ್ ತಿಂಗಳಲ್ಲಿ ಎರಡು ಮೂರು ಸಂಜೆಗಳನ್ನು ಇದಕ್ಕೆ ಮೀಸಲಿಟ್ಟರೆ ಸಾಕು.

ಸರ್ಕಾರಿ ಪಟ್ಟಿಯಿಂದ ಆರಂಭಿಸಿ

ರಾಜ್ಯ ಸರ್ಕಾರವು ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಅಧಿಸೂಚನೆಯನ್ನು ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ ಹೊರಡಿಸುತ್ತದೆ. ಅದರ ಕೆಳಗಿರುವ ಟಿಪ್ಪಣಿಗಳನ್ನು ಬಹಳ ಜನ ಓದುವುದಿಲ್ಲ. ನಮ್ಮ ಕೆಲಸಕ್ಕೆ ಬೇಕಾದದ್ದೆಲ್ಲ ಇರುವುದು ಅಲ್ಲಿಯೇ. ಭಾನುವಾರಗಳಂದು, ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಂದು ಬರುವ ಹಬ್ಬಗಳು ಮುಖ್ಯ ಪಟ್ಟಿಯಲ್ಲಿ ಇರುವುದಿಲ್ಲ. 2025ರಲ್ಲಿ ಯುಗಾದಿ, ಮೊಹರಂ, ಮಹಾಲಯ ಅಮಾವಾಸ್ಯೆ ಮೂರೂ ಭಾನುವಾರವೇ ಬಂದಿದ್ದವು. ಮುಖ್ಯ ಪಟ್ಟಿಯನ್ನು ಮಾತ್ರ ನಕಲು ಮಾಡಿಕೊಂಡವರ ದಿನದರ್ಶಿಕೆಯಲ್ಲಿ ಆ ವರ್ಷ ಯುಗಾದಿಯೇ ಇರಲಿಲ್ಲ. ಮುಸ್ಲಿಮರ ಹಬ್ಬವು ಸೂಚಿತ ದಿನದಂದು ಬಾರದಿದ್ದರೆ ಆ ಸಮುದಾಯದ ಸರ್ಕಾರಿ ನೌಕರರಿಗೆ ನಿಜವಾದ ಆಚರಣೆಯ ದಿನ ರಜೆ ಕೊಡಬಹುದೆಂಬ ಮಾತೂ ಟಿಪ್ಪಣಿಯಲ್ಲಿಯೇ ಇರುತ್ತದೆ. ಜೊತೆಗೆ ಪರಿಮಿತ ರಜೆಗಳ ಇನ್ನೊಂದು ಪಟ್ಟಿಯಿರುತ್ತದೆ. ಎಲ್ಲರಿಗೂ ರಜೆಯಲ್ಲದ, ಆದರೆ ಆಚರಿಸುವವರಿಗೆ ಮುಖ್ಯವಾದ ದಿನಗಳು ಅದರಲ್ಲಿ ಸಿಗುತ್ತವೆಯಾದ್ದರಿಂದ ಅದನ್ನು ಇಡಿಯಾಗಿ ಬರೆದುಕೊಳ್ಳಬೇಕು.

ಕಾರ್ಖಾನೆಯಂಥ ಸಂಸ್ಥೆಗಳಿಗೆ 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಅನ್ವಯಿಸುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಕಡ್ಡಾಯ ರಜೆಗಳು. ಇವುಗಳ ಜೊತೆಗೆ ಹಬ್ಬಗಳಿಗಾಗಿ ಇನ್ನೂ ಐದು ದಿನ ಕೊಡಬೇಕು. ಈ ಐದನ್ನು ನಿರ್ಧರಿಸುವಾಗ ಹಿಂದಿನ ವರ್ಷದ ಪಟ್ಟಿಯನ್ನೇ ಮುಂದುವರಿಸದೆ, ಈಗ ಕೆಲಸದಲ್ಲಿರುವವರು ಯಾರು ಯಾರು ಎಂಬುದನ್ನು ನೋಡಿ ಅವರೊಡನೆ ಮಾತನಾಡಿ ತೀರ್ಮಾನಿಸುವುದು ನ್ಯಾಯ.

ದಿನಾಂಕ ಬದಲಾಗುವ ಬಗೆಯನ್ನು ತಿಳಿಯಿರಿ

ಕ್ರಿಸ್‌ಮಸ್, ಅಂಬೇಡ್ಕರ್ ಜಯಂತಿ ಮತ್ತು ರಾಷ್ಟ್ರೀಯ ದಿನಗಳಿಗೆ ದಿನಾಂಕ ಸ್ಥಿರ. ಮಕರ ಸಂಕ್ರಾಂತಿ ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಜನವರಿ 14 ಅಥವಾ 15ನ್ನು ದಾಟುವುದಿಲ್ಲ. ಇವನ್ನು ಮೊದಲೇ ಶಾಯಿಯಲ್ಲಿ ಬರೆದುಬಿಡಬಹುದು.

ಉಳಿದ ಬಹುಪಾಲು ಹಬ್ಬಗಳು ಚಂದ್ರನನ್ನು ಅನುಸರಿಸುತ್ತವೆ, ಆದರೆ ಎಲ್ಲವೂ ಒಂದೇ ಬಗೆಯಲ್ಲಿ ಅಲ್ಲ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ, ಅಂದರೆ ಸೌರವರ್ಷಕ್ಕಿಂತ ಹೆಚ್ಚುಕಡಿಮೆ 11 ದಿನ ಕಡಿಮೆ. ನಮ್ಮ ಪಂಚಾಂಗದಲ್ಲಿ ಈ ಕೊರತೆಯನ್ನು ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ ಸೇರಿಸಿ ತುಂಬಲಾಗುತ್ತದೆ. ಮುಸ್ಲಿಮರ ಹಿಜರಿ ಪಂಚಾಂಗದಲ್ಲಿ ಹಾಗೆ ಸೇರಿಸುವುದಿಲ್ಲ. ಆದ್ದರಿಂದ ಯುಗಾದಿ ವಸಂತದ ಆಸುಪಾಸಿನಲ್ಲಿಯೇ ಹಿಂದೆ ಮುಂದೆ ಸರಿಯುತ್ತಿರುತ್ತದೆ, ರಂಜಾನ್ ಮಾತ್ರ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ರಂಜಾನ್ ಹಬ್ಬ ಏಪ್ರಿಲ್ 11ಕ್ಕೆ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ, ರಂಜಾನ್ ಮಾರ್ಚ್ 31ಕ್ಕೆ. 2026ರಲ್ಲಿ ಮಾರ್ಚ್ 19ರ ಯುಗಾದಿಯ ಬೆನ್ನಿಗೇ ಮತ್ತೆ ರಂಜಾನ್. ಹೀಗೆ ಮೂರು ವರ್ಷ ಜೊತೆಜೊತೆಯಾಗಿ ಬಂದ ಈ ಎರಡು ಹಬ್ಬಗಳು ಯಾವಾಗಲೂ ಹೀಗೆಯೇ ಬರುತ್ತವೆ ಎಂದುಕೊಂಡು ಮುಂದಿನ ವರ್ಷದ ವೇಳಾಪಟ್ಟಿ ಹಾಕಬಾರದು. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ ಇರುವುದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ ಮುಂದೆ ಹೋಗುತ್ತದೆ, ರಂಜಾನ್ ಹಬ್ಬ ಮಾರ್ಚ್ 10ರ ಆಸುಪಾಸಿಗೆ ಹಿಂದೆ ಬರುತ್ತದೆ. ಇದೇ ಕಾರಣಕ್ಕೆ 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಗಣೇಶ ಚತುರ್ಥಿ 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಬರುತ್ತದೆ. ಅಧಿಕಮಾಸ ಯಾವ ವರ್ಷ ಬರುತ್ತದೆಂಬುದನ್ನು ಒಂಟಿಕೊಪ್ಪಲ್ ಪಂಚಾಂಗದಂಥ ಯಾವುದೇ ವಿಶ್ವಾಸಾರ್ಹ ಪಂಚಾಂಗದಲ್ಲಿ ನೋಡಿ ದಿನದರ್ಶಿಕೆಯ ಮೊದಲ ಪುಟದಲ್ಲಿಯೇ ಬರೆದಿಟ್ಟರೆ ವರ್ಷದ ಅರ್ಧ ಗೊಂದಲ ಅಲ್ಲಿಯೇ ಪರಿಹಾರವಾಗುತ್ತದೆ.

ಮುಸ್ಲಿಮರ ಹಬ್ಬಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಿಂಗಳು ಆರಂಭವಾಗುವುದು ಚಂದ್ರದರ್ಶನದಿಂದ; ಹೀಗಾಗಿ ರಂಜಾನ್ ಹಬ್ಬ ನಾಳೆಯೋ ನಾಡಿದ್ದೋ ಎಂಬುದು ಹಿಂದಿನ ಸಂಜೆಯೇ ಖಚಿತವಾಗುತ್ತದೆ. 2024ರಲ್ಲಿ ಕೇರಳದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಏಪ್ರಿಲ್ 10ರಂದೇ ಹಬ್ಬವಾದರೆ ಮೈಸೂರಿನ ಕಡೆ ಮರುದಿನ ಆಯಿತು. ಮಂಗಳೂರಿನಿಂದ ಬಂದು ಇಲ್ಲಿಯ ವಿದ್ಯಾರ್ಥಿನಿಲಯದಲ್ಲಿರುವ ಹುಡುಗನಿಗೆ ಯಾವ ದಿನ ರಜೆ ಬೇಕೆಂಬುದನ್ನು ಅವನನ್ನೇ ಕೇಳಬೇಕು. ಬಕ್ರೀದ್ ಹಾಗಲ್ಲ: ಅದು ಜುಲ್‌ಹಿಜ್ಜ ತಿಂಗಳ ಹತ್ತನೆಯ ದಿನವಾದ್ದರಿಂದ ಚಂದ್ರದರ್ಶನವಾದ ಮೇಲೂ ಸುಮಾರು ಒಂಬತ್ತು ಹತ್ತು ದಿನಗಳ ಕಾಲಾವಕಾಶವಿರುತ್ತದೆ. ಮೊಹರಂನ ಹತ್ತನೆಯ ದಿನಕ್ಕೂ ಈದ್ ಮಿಲಾದ್‌ಗೂ ಇದೇ ಅನುಕೂಲವಿದೆ. ರಂಜಾನ್‌ಗೆ ಎರಡು ದಿನಗಳನ್ನೂ ಪೆನ್ಸಿಲಿನಲ್ಲಿ ಗುರುತಿಸಿ, ಚಂದ್ರದರ್ಶನ ಸಮಿತಿಯ ಪ್ರಕಟಣೆಯ ನಂತರ ಒಂದನ್ನು ಅಳಿಸುವುದೇ ಸರಿಯಾದ ಪದ್ಧತಿ. ದೂರದ ಯೋಜನೆ ಹಾಕುವವರು ಗಮನಿಸಬೇಕಾದ ಮಾತೊಂದಿದೆ: 2030ನೆಯ ಇಸವಿಯಲ್ಲಿ ರಂಜಾನ್ ತಿಂಗಳು ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ, ಹೀಗೆ ಎರಡು ಬಾರಿ ಆರಂಭವಾಗುತ್ತದೆ.

ಈಸ್ಟರ್ ಲೆಕ್ಕ ಸುಲಭ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೆಂದು ಚರ್ಚಿನ ಲೆಕ್ಕ. ಆದ್ದರಿಂದ ಅದು ಮಾರ್ಚ್ 22 ಮತ್ತು ಏಪ್ರಿಲ್ 25ರ ನಡುವೆಯೇ ಇರುತ್ತದೆ. ಅದಕ್ಕೆ ಎರಡು ದಿನ ಮೊದಲು ಶುಭ ಶುಕ್ರವಾರ, ಆರೂವರೆ ವಾರಗಳಷ್ಟು ಮೊದಲು ಬೂದಿ ಬುಧವಾರ. ಈ ನಡುವಿನ ತಪಸ್ಸುಕಾಲದಲ್ಲಿ ಅನೇಕ ಕ್ರೈಸ್ತ ಮನೆಗಳಲ್ಲಿ ಶುಕ್ರವಾರಗಳಂದು ಮಾಂಸಾಹಾರವಿರುವುದಿಲ್ಲ ಎಂಬುದನ್ನು ಊಟದ ವ್ಯವಸ್ಥೆ ಮಾಡುವವರು ತಿಳಿದಿರಬೇಕು.

ಒಂದೇ ಹಬ್ಬವನ್ನು ಒಂದೇ ಧರ್ಮದವರು ಬೇರೆ ಬೇರೆ ದಿನ ಆಚರಿಸುವುದೂ ಉಂಟು. ಶ್ರೀಕೃಷ್ಣನ ಜನ್ಮದಿನವನ್ನು ಚಾಂದ್ರಮಾನದ ಅಷ್ಟಮಿಯಂದು ಆಚರಿಸುವವರಿಗೂ, ಸೌರಮಾನವನ್ನೂ ನಕ್ಷತ್ರವನ್ನೂ ನೋಡಿ ಶ್ರೀಜಯಂತಿ ಆಚರಿಸುವ ಶ್ರೀವೈಷ್ಣವರಿಗೂ ಕೆಲವು ವರ್ಷ ಒಂದು ದಿನದ, ಕೆಲವೊಮ್ಮೆ ಒಂದು ತಿಂಗಳಷ್ಟು ಅಂತರ ಬೀಳುತ್ತದೆ. ಮೇಲುಕೋಟೆಯ ಕಡೆಯವರಿರುವ ಸಂಸ್ಥೆಗಳಲ್ಲಿ ಎರಡನ್ನೂ ಬರೆದುಕೊಳ್ಳಬೇಕು. ಜೈನರಲ್ಲಿ ಶ್ವೇತಾಂಬರರ ಪರ್ಯೂಷಣ ಎಂಟು ದಿನಗಳದು. ಅದು ಮುಗಿಯುವ ಹೊತ್ತಿಗೆ ದಿಗಂಬರರ ಹತ್ತು ದಿನಗಳ ದಶಲಕ್ಷಣ ಪರ್ವ ಆರಂಭವಾಗಿ ಅನಂತ ಚತುರ್ದಶಿಯವರೆಗೆ ನಡೆಯುತ್ತದೆ. ಸಿಖ್ಖರ ಗುರುನಾನಕ್ ಜಯಂತಿ ಕಾರ್ತಿಕ ಹುಣ್ಣಿಮೆಗೆ. ಬುದ್ಧ ಪೂರ್ಣಿಮೆ ವೈಶಾಖ ಹುಣ್ಣಿಮೆಗೆ. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟಿಯನ್ನರಿಗೆ ತಮ್ಮದೇ ಪಂಚಾಂಗವಿದ್ದು, ಅವರ ಹೊಸ ವರ್ಷವಾದ ಲೋಸರ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಆ ದಿನಗಳನ್ನು ನಮ್ಮ ಪಂಚಾಂಗದಿಂದ ಊಹಿಸದೆ ಅಲ್ಲಿಯವರಿಂದಲೇ ತಿಳಿದುಕೊಳ್ಳಬೇಕು.

ಯಾವ ಪಟ್ಟಿಯಲ್ಲಿಯೂ ಸಿಗದ ದಿನಗಳು

ದಿನದರ್ಶಿಕೆ ನಮ್ಮ ಊರಿನದಾಗುವುದು ಇಲ್ಲಿ. ಯುಗಾದಿಯ ಮರುದಿನದ ಮಾಂಸದೂಟದ ಹಬ್ಬವಾದ ಹೊಸತೊಡಕನ್ನು ಮಂಡ್ಯ, ಮೈಸೂರು ಸೀಮೆಯಲ್ಲಿ ಅರಿಯದವರಿಲ್ಲ, ಆದರೂ ಅದು ಸರ್ಕಾರಿ ರಜೆಯಲ್ಲ. ಆ ದಿನ ಕಾರ್ಯಾಗಾರವನ್ನೋ ತಪಾಸಣೆಯನ್ನೋ ಇಟ್ಟುಕೊಂಡವರಿಗೆ ಅರ್ಧ ಜನ ಸಿಗುವುದಿಲ್ಲ. 2025ರಲ್ಲಿ ಹೊಸತೊಡಕು ಮತ್ತು ರಂಜಾನ್ ಒಂದೇ ಸೋಮವಾರ ಬಂದು ಆ ತೊಂದರೆ ತಾನಾಗಿಯೇ ತಪ್ಪಿತ್ತು. ಪಿತೃಪಕ್ಷದಲ್ಲಿಯೂ ಹೀಗೆಯೇ: ಮಹಾಲಯ ಅಮಾವಾಸ್ಯೆ ಸರ್ಕಾರಿ ಪಟ್ಟಿಯಲ್ಲಿರುತ್ತದೆ, ಆದರೆ ಹಳ್ಳಿಗಳಲ್ಲಿ ಹಿರಿಯರಿಗೆ ಎಡೆಯಿಟ್ಟು ಪಕ್ಷ ಮಾಡುವ ದಿನ ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಇನ್ನು ಮಾರಿಹಬ್ಬ, ಊರಹಬ್ಬಗಳ ದಿನವನ್ನು ಆಯಾ ಊರಿನ ಹಿರಿಯರು ಕೂತು ಗೊತ್ತುಮಾಡುತ್ತಾರೆ. ಕೆಲಸಗಾರರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದು ಹೋಗುವವರಾದರೆ ಅವರ ಊರುಗಳ ಹೆಸರು ಬರೆದು ಎದುರಿಗೆ ಹಬ್ಬದ ಕಾಲವನ್ನು ಗುರುತಿಸಿಕೊಳ್ಳಬೇಕು. ದಿನ ಗೊತ್ತಾದಾಗ ಭರ್ತಿ ಮಾಡಿದರಾಯಿತು.

ಜಾತ್ರೆಗಳೂ ಇದೇ ಸಾಲಿಗೆ ಸೇರುತ್ತವೆ. ಜನವರಿ ಅಥವಾ ಫೆಬ್ರುವರಿಯ ಸುತ್ತೂರು ಜಾತ್ರೆ, ಫಾಲ್ಗುಣ ಚೈತ್ರಗಳ ಕಡೆಗೆ ಬರುವ ಮೇಲುಕೋಟೆಯ ವೈರಮುಡಿ ಉತ್ಸವ ಮತ್ತು ನಂಜನಗೂಡಿನ ದೊಡ್ಡ ಜಾತ್ರೆ, ಜೂನ್ 13ರಂದು ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬ ಇವೆಲ್ಲ ಭಕ್ತರಿಗಷ್ಟೇ ಅಲ್ಲದೆ ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಸಂಬಂಧಪಟ್ಟ ದಿನಗಳು. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಜನಸಾಗರವೇ ಹರಿಯುವುದರಿಂದ ಇತ್ತೀಚಿನ ವರ್ಷಗಳಲ್ಲಿ ಖಾಸಗಿ ವಾಹನಗಳಿಗೆ ನಿರ್ಬಂಧ ಹಾಕುತ್ತಿದ್ದಾರೆ. ಬೆಟ್ಟದ ತಪ್ಪಲಿನಲ್ಲಿ ಶಾಲೆಯಿರುವವರು ಆ ಶುಕ್ರವಾರಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಬೇಕು. ದಸರೆಯ ದಿನಗಳ ಬಗ್ಗೆ ಮೈಸೂರಿನವರಿಗೆ ಹೇಳಿಕೊಡಬೇಕಾದ್ದಿಲ್ಲ, ಆದರೆ ದಿನಗಳ ಸಂಖ್ಯೆ ಯಾವಾಗಲೂ ಹತ್ತೇ ಎಂದು ಲೆಕ್ಕ ಹಾಕಬಾರದು: 2025ರಲ್ಲಿ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ ಹನ್ನೊಂದು ದಿನ ನಡೆದು, ವಿಜಯದಶಮಿಯೂ ಗಾಂಧಿ ಜಯಂತಿಯೂ ಒಂದೇ ದಿನ ಬಂದವು.

ಪ್ರತಿ ದಿನದ ಎದುರಿಗೆ ಏನು ಬರೆಯಬೇಕು

ಹಬ್ಬದ ಹೆಸರು, ದಿನಾಂಕ ಬರೆದು ಬಿಟ್ಟರೆ ದಿನದರ್ಶಿಕೆ ಅಪೂರ್ಣ. ದಿನ ಯಾವಾಗ ಆರಂಭವಾಗುತ್ತದೆ ಎಂಬುದನ್ನು ಮೊದಲು ಬರೆಯಬೇಕು. ಹಿಂದೂ ಆಚರಣೆಯ ದಿನ ಸಾಮಾನ್ಯವಾಗಿ ಸೂರ್ಯೋದಯದಿಂದ, ಇಸ್ಲಾಮಿನ ದಿನ ಹಿಂದಿನ ಸೂರ್ಯಾಸ್ತದಿಂದ. ಮುಸ್ಲಿಮರು ರಾತ್ರಿಯಿಡೀ ಪ್ರಾರ್ಥಿಸುವ ಶಬೆ ಬರಾತ್‌ನ ಜಾಗರಣೆ ಪಟ್ಟಿಯಲ್ಲಿರುವ ದಿನಾಂಕದ ಹಿಂದಿನ ರಾತ್ರಿಯದು. ಕ್ರಿಸ್‌ಮಸ್ ಬಲಿಪೂಜೆಗಾಗಿ ಸಂತ ಫಿಲೋಮಿನಾ ಚರ್ಚಿನಲ್ಲಿ ಜನ ಸೇರುವುದು ಡಿಸೆಂಬರ್ 24ರ ರಾತ್ರಿ. ಮಹಾಶಿವರಾತ್ರಿಯಂದು ರಜೆಯಿದ್ದರೂ ಇಡೀ ರಾತ್ರಿ ಎಚ್ಚರವಿದ್ದವರಿಗೆ ಮರುದಿನ ಬೆಳಗ್ಗೆಯೇ ಯಂತ್ರದ ಮುಂದೆ ಪಾಳಿ ಹಾಕುವುದು ಅಪಾಯಕರ.

ಎರಡನೆಯದು ಊಟ. ದಶಲಕ್ಷಣದ ದಿನಗಳಲ್ಲಿ ಅನೇಕ ಜೈನರು ಸೂರ್ಯಾಸ್ತದ ನಂತರ ಊಟ ಮಾಡುವುದಿಲ್ಲ, ಗಡ್ಡೆಗೆಣಸುಗಳನ್ನು ಮುಟ್ಟುವುದಿಲ್ಲ. ಅದೇ ನಿಲಯದಲ್ಲಿ ರಂಜಾನ್ ತಿಂಗಳಿನಲ್ಲಿ ಊಟ ಆರಂಭವಾಗುವುದೇ ಸೂರ್ಯಾಸ್ತದ ನಂತರ, ಮತ್ತೆ ಬೆಳಗಿನ ಜಾವ ಉಪವಾಸಕ್ಕೆ ಮೊದಲಿನ ಊಟವಾದ ಸಹರಿಗೆ ಅಡುಗೆಮನೆ ತೆರೆಯಬೇಕು. ಇವೆರಡನ್ನೂ ಒಂದೇ ಅಡುಗೆಯವರು ನಿರ್ವಹಿಸಬೇಕಾದ್ದರಿಂದ ಅವರಿಗೆ ಒಂದು ತಿಂಗಳ ಮೊದಲೇ ಹೇಳಿ, ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಸಂಬಳವನ್ನೂ ಗೊತ್ತುಮಾಡುವುದು ಸಂಸ್ಥೆಯ ಜವಾಬ್ದಾರಿ.

ಮೂರನೆಯದು ಆ ದಿನದ ಭಾವ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ನೋವುಂಟುಮಾಡುವ ತಪ್ಪು ನಡೆಯುವುದು ಇಲ್ಲಿಯೇ, ಅದೂ ಒಳ್ಳೆಯ ಮನಸ್ಸಿನಿಂದ. ಶುಭ ಶುಕ್ರವಾರ ಏಸುವಿನ ಮರಣವನ್ನು ನೆನೆಯುವ ದಿನ. ಅಂದು ಶುಭಾಶಯದ ಸಂದೇಶ, ಸಿಹಿ ಹಂಚಿಕೆ ಸಲ್ಲದು. ಮೊಹರಂ ಹತ್ತನೆಯ ದಿನ ಕರ್ಬಲಾದಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ದಿನ, ಶಿಯಾ ಪಂಥದವರಿಗೆ ಶೋಕದ ದಿನ. ನಮ್ಮ ಕಡೆಯ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು ಹಿಂದೂಗಳೂ ಸೇರಿ ನಡೆಸುವ ಆಚರಣೆಗೆ ಬೇರೆಯದೇ ಕಳೆಯಿದೆ, ಆದರೂ ಸಂಸ್ಥೆಯ ಹೆಸರಿನಲ್ಲಿ ಕಳಿಸುವ ಸಂದೇಶದಲ್ಲಿ ಸ್ಮರಣೆಯ ಮಾತಿರಬೇಕೇ ಹೊರತು ಸಂಭ್ರಮದ ಮಾತಲ್ಲ. ಅಂಥ ದಿನಗಳ ಮುಂದೆ ‘ಸ್ಮರಣೆ’ ಎಂದು ಸ್ಪಷ್ಟವಾಗಿ ಬರೆಯಬೇಕು.

ಕೇಳುವ ರೀತಿ

ಹೆಸರು ನೋಡಿ ಧರ್ಮವನ್ನು, ಧರ್ಮ ನೋಡಿ ಆಚರಣೆಯನ್ನು ಊಹಿಸಬಾರದು. ಲಿಂಗಾಯತ ಮನೆಯ ಹುಡುಗಿಗೆ ಬಸವ ಜಯಂತಿಯಷ್ಟೇ ತಮ್ಮೂರ ಮಾರಿಹಬ್ಬವೂ ಮುಖ್ಯವಾಗಿರಬಹುದು. ಒಬ್ಬ ಮುಸ್ಲಿಂ ನೌಕರ ಉಪವಾಸ ಮಾಡದಿರಬಹುದು, ಅದನ್ನು ನಾಲ್ಕು ಜನರ ಮುಂದೆ ವಿಚಾರಿಸುವುದು ಅವಮಾನ. ವರ್ಷಾರಂಭದಲ್ಲಿ ಎಲ್ಲರಿಗೂ ಒಂದೇ ನಮೂನೆಯ ಹಾಳೆ ಕೊಟ್ಟು, ‘ಈ ವರ್ಷ ತಮಗೆ ರಜೆ, ಸಮಯದ ಬದಲಾವಣೆ ಅಥವಾ ಊಟದ ಬದಲಾವಣೆ ಬೇಕಾದ ದಿನಗಳಿದ್ದರೆ ಬರೆಯಿರಿ, ಕಾರಣ ಬರೆಯುವ ಅಗತ್ಯವಿಲ್ಲ’ ಎಂದು ಕೇಳಿದರೆ ಸಾಕು. ಯಾವ ಧರ್ಮವನ್ನೂ ಪಾಲಿಸದವರಿಗೂ ಆ ಹಾಳೆ ಅಷ್ಟೇ ಸಲ್ಲುತ್ತದೆ.

ಹಾಳೆಗಳು ಬಂದ ಮೇಲೆ ಪರೀಕ್ಷೆ, ಪ್ರವಾಸ, ಪೋಷಕರ ಸಭೆ, ವಾರ್ಷಿಕೋತ್ಸವಗಳ ದಿನಾಂಕಗಳನ್ನು ಒಂದೊಂದಾಗಿ ದಿನದರ್ಶಿಕೆಯ ಮೇಲಿಟ್ಟು ನೋಡಬೇಕು. ಶುಕ್ರವಾರ ಮಧ್ಯಾಹ್ನದ ಜುಮಾ ಪ್ರಾರ್ಥನೆಯ ಹೊತ್ತಿಗೆ, ಭಾನುವಾರ ಬೆಳಗಿನ ಚರ್ಚಿನ ಹೊತ್ತಿಗೆ ವಿಶೇಷ ತರಗತಿಗಳು ಬಿದ್ದಿದ್ದರೆ ಸರಿಸಬೇಕು. ಎಲ್ಲ ಡಿಕ್ಕಿಗಳನ್ನೂ ತಪ್ಪಿಸಲಾಗದು. ತಪ್ಪಿಸಲಾಗದ ಕಡೆ ಬದಲಿ ಪರೀಕ್ಷೆಯ ದಿನವನ್ನು ಮೊದಲೇ ಪ್ರಕಟಿಸಬೇಕು, ಮಗು ಬಂದು ಬೇಡಿಕೊಳ್ಳುವವರೆಗೆ ಕಾಯಬಾರದು. ಕೊನೆಯದಾಗಿ, ದಿನದರ್ಶಿಕೆಯ ಜವಾಬ್ದಾರಿಯನ್ನು ಬೇರೆ ಬೇರೆ ಸಮುದಾಯಗಳ ಇಬ್ಬರಿಗೆ ಒಟ್ಟಿಗೆ ವಹಿಸಿ, ಪ್ರತಿ ತಿಂಗಳ ಕೊನೆಯ ವಾರ ಮುಂದಿನ ತಿಂಗಳ ಪೆನ್ಸಿಲ್ ಗುರುತುಗಳನ್ನು ಪರಿಶೀಲಿಸಿ ಖಚಿತವಾದವನ್ನು ಶಾಯಿಯಲ್ಲಿ ತಿದ್ದುವಂತೆ ತಿಳಿಸಬೇಕು.